ಅಮ್ಮ ತೆಗೆದಿಟ್ಟ ಹಿಡಿ ಅಕ್ಕಿ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊಟ ಬಿಟ್ಟಳು. ಪೂರ್ತಿ ಬಿಟ್ಟಳು ಅಂತಲ್ಲ. ತಟ್ಟೆ ಮುಂದೆ ಕೂತು ನಾಲ್ಕು ತುತ್ತು ತಿಂದು ಕೈ ತೊಳೆದುಬಿಡುತ್ತಿದ್ದಳು. ಯಗಟಿಯಲ್ಲಿ ಅಣ್ಣನ ಮನೆಯಲ್ಲಿ ಸೊರಗಿ ಕಡ್ಡಿಯಾಗಿದ್ದವಳನ್ನು ನಾನೇ ತರೀಕೆರೆಗೆ ಕರೆತಂದೆ. ನನ್ನ ಕೈಯಡುಗೆ ಉಂಡರೆ ಸರಿಹೋಗುತ್ತಾಳೆ ಎಂಬ ಜಂಬ ನನಗೆ. ಮುದ್ದೆ, ಬಸ್ಸಾರು, ಅವರೆಕಾಳಿನ ಹುಳಿ ಎಲ್ಲ ಮಾಡಿ ನೋಡಿದೆ. ಊಹೂಂ. ಡಾಕ್ಟರು ಪರೀಕ್ಷೆ ಮಾಡಿ ರೋಗ ಏನೂ ಇಲ್ಲ ಅಂದರು. ರೋಗ ಇಲ್ಲದಿದ್ದರೆ ಉಣ್ಣುವುದಕ್ಕೆ ಏನು ದಾಡಿ ಅಂತ ನಾನು ರೇಗಿದೆ. ನನ್ನ ಬಾಯಿಯೇ ಅಂಥದ್ದು. ಹೀಗೇ ಬಿಟ್ಟರೆ ಅಮ್ಮ ಉಳಿಯುವುದಿಲ್ಲ ಅಂತ ಭಯ, ಆ ಭಯವೆಲ್ಲ ಬೈಗುಳವಾಗಿ ಹೊರಗೆ ಬರುತ್ತಿತ್ತು.

ಪಕ್ಕದ ಮನೆಯಲ್ಲಿದ್ದ ಸಿಸ್ಟರಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದ ಕ್ರೈಸ್ತರು. ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಡಬ್ಬಿಗೆ ತೆಗೆದಿಡುವುದು ಅವರ ಪದ್ಧತಿ. ಭಾನುವಾರ ಅದನ್ನು ಚರ್ಚಿಗೆ ಒಯ್ಯುತ್ತಾರೆ. ಅಲ್ಲಿಗೆ ಬರುವುದೇ ಬೆರಳೆಣಿಕೆಯ ಮನೆಯವರು. ಅವರೆಲ್ಲರ ಅಕ್ಕಿ ಸೇರಿಸಿ ಗಂಜಿ ಕಾಯಿಸಿ, ಆಸ್ಪತ್ರೆಯ ಅಂಗಳದಲ್ಲಿ ಕೂತಿರುವ ರೋಗಿಗಳ ಕಡೆಯವರಿಗೆ ಬಡಿಸುತ್ತಾರೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತ ನಾನು ನಗಾಡುತ್ತಿದ್ದೆ. ಅವರೂ ನಗುತ್ತಿದ್ದರು, ಡಬ್ಬಿ ಮಾತ್ರ ಬಿಡಲಿಲ್ಲ.

ಒಂದು ದಿನ ಸಿಸ್ಟರಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಎಡಗೈಯಲ್ಲಿ ದೇವರಿಗೆ ತೆಗೆಯಲು ಅವರಿಗೆ ಮನಸ್ಸಿಲ್ಲ. ದಿನಾ ಬಂದು ಆ ಒಂದು ಹಿಡಿ ತೆಗೆದುಕೊಡಬೇಕು ಅಂತ ಅಮ್ಮನನ್ನು ಕೇಳಿದರು. ಅಮ್ಮ ಹೋದಳು. ಮಾರನೆಯ ದಿನ ನಮ್ಮ ಅಡುಗೆಮನೆಗೆ ಬಂದು, ನಿನ್ನ ಮನೆಯಲ್ಲಿ ಮೀಸಲು ತೆಗೆಯೋ ಡಬ್ಬಿ ಎಲ್ಲಿ ಅಂತ ಕೇಳಿದಳು. ಯಗಟಿಯಲ್ಲಿ ಮನೆದೇವರಿಗೆ ಅಂತ ಹಾಗೆ ಹಿಡಿ ಅಕ್ಕಿ ಎತ್ತಿಡುತ್ತಿದ್ದದ್ದು ನನಗೆ ಮರೆತೇಹೋಗಿತ್ತು. ಅಂದಿನಿಂದ ನಮ್ಮ ಅಕ್ಕಿಯಿಂದಲೂ ಒಂದು ಹಿಡಿ ತೆಗೆಯತೊಡಗಿದಳು. ದೇವರ ಮೇಲಾದರೂ ಮನಸ್ಸು ಬಂತಲ್ಲ ಅಂತ ನನಗೆ ಸಮಾಧಾನ.

ಭಾನುವಾರ ನೋಡಿದರೆ ಆ ಅಕ್ಕಿಯೂ ಸಿಸ್ಟರಮ್ಮನ ಡಬ್ಬಿಗೆ ಹೋಗಿತ್ತು. ಅಮ್ಮ ಪಾಪ ಅದು ಚರ್ಚಿಗೆ ಹೋಗುತ್ತದೆ ಅಂತ ಗೊತ್ತಿಲ್ಲದೆ ಮಾಡಿದ್ದಾಳೆ, ಇವರು ಸುಮ್ಮನಿದ್ದಾರೆ ಅಂತ ಜಗಳಕ್ಕೇ ಹೊರಟೆ. ಸಿಸ್ಟರಮ್ಮ, ಮೊದಲ ದಿನವೇ ನಿಮ್ಮಮ್ಮನಿಗೆ ಎಲ್ಲ ಹೇಳಿದ್ದೇನಲ್ಲ ಅಂದರು. ತಿರುಗಿ ಅಮ್ಮನನ್ನು ಕೇಳಿದೆ.

"ಮೀಸ್ಲು ತೆಗದ್ಮೇಲೆ ಅದು ದೇವ್ರುದು ಕಣೇ," ಅಂದಳು ಅಮ್ಮ. "ಅವ್ನು ಯಾರಿಗ್ ಉಣ್ಸುತಾನೋ, ನಂಗ್ಯಾಕೆ?"

ಯಾವ ದೇವರು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲವೇನೋ.

ಆಮೇಲೆ ಅವಳು ಹಿಡಿ ಅಕ್ಕಿ ಕೇಳಿಕೊಂಡು ಬೀದಿಯ ಮನೆಮನೆಗೂ ಹೋಗತೊಡಗಿದಳು. ಚರ್ಚಿಗೆ ಅಂದರೆ ಕೊಡದ ಹೆಂಗಸರು ಅಜ್ಜಿ ಕೇಳಿದಳು ಅಂತ ಕೊಟ್ಟರು. ಒಂದು ಪಾತ್ರೆಯ ಗಂಜಿ ಎರಡಾಯಿತು, ಭಾನುವಾರದ ಗಂಜಿ ದಿನದಿನದ ಗಂಜಿಯಾಯಿತು. ಸಿಸ್ಟರಮ್ಮನ ತಂಗಿ ನೋಡಿಕೊಂಡು ಹೋಗಿ ಅಜ್ಜಂಪುರದಲ್ಲೂ ಶುರುಮಾಡಿದರು. ಒಂದು ದಿನ ನಾನು ಆಸ್ಪತ್ರೆಗೆ ಹೋದಾಗ ಅಮ್ಮ ಅಂಗಳದಲ್ಲಿ ಯಾರೋ ಗುರುತಿಲ್ಲದ ಹೆಂಗಸಿನ ಪಕ್ಕ ಕೂತಿದ್ದಳು. ತಟ್ಟೆ ತುಂಬ ಗಂಜಿ, ಜೊತೆಗೆ ಉಪ್ಪಿನಕಾಯಿ. ಬಳಿದು ಬಳಿದು ಉಣ್ಣುತ್ತಿದ್ದಳು.

ಸಂತೋಷಪಡಬೇಕಾದವಳಿಗೆ ಹೊಟ್ಟೆ ಉರಿಯಿತು. ನನ್ನ ಬಸ್ಸಾರು ಬೇಡ, ಈ ನೀರುಗಂಜಿ ಬೇಕು! ಸಿಸ್ಟರಮ್ಮನನ್ನು ಹಿಡಿದು, ನಮ್ಮಮ್ಮನಿಗೆ ಏನು ಮಾಡಿದಿರಿ ಅಂತ ಕೇಳಿದೆ. ಅವರೂ ನನ್ನಷ್ಟೇ ತಬ್ಬಿಬ್ಬಾದರು. ನಾನೇನು ಮಾಡಿದೆ, ಕೈ ಮುರಿಯಿತು ಅಂತ ಸಹಾಯ ಕೇಳಿದೆ ಅಷ್ಟೇ ಅಂದರು. ರಾತ್ರಿ ಊಟಕ್ಕೆ ಮನೆಯಲ್ಲಿ ಮತ್ತೆ ಅದೇ ನಾಲ್ಕು ತುತ್ತು.

ಸುದ್ದಿ ಅಣ್ಣನ ಕಿವಿಗೆ ಬಿತ್ತು. ಕಡೂರಿನಲ್ಲಿ ಬಸ್ಸು ಬದಲಿಸಿ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ನೀನು ಅಮ್ಮನನ್ನು ಅವರ ಜಾತಿಗೆ ಸೇರಿಸಿಬಿಟ್ಟೆ, ಊರಲ್ಲಿ ತಲೆ ಎತ್ತುವ ಹಾಗಿಲ್ಲ ಅಂತ. ನಾನೂ ಸುಮ್ಮನಿರುವವಳಲ್ಲ. ಇಬ್ಬರೂ ಕೂಗಾಡುತ್ತಿರುವಾಗಲೇ ಅಮ್ಮ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು. ಬರ್ತೀನಿ ಕಣವ್ವ ಅಂದಳು. ಅಣ್ಣನ ಜೊತೆಗೇ ಹೊರಟಿದ್ದಳು. ಯಗಟಿಯಲ್ಲಿ ಆಸ್ಪತ್ರೆಯ ಅಂಗಳವಿಲ್ಲ, ಸಿಸ್ಟರಮ್ಮನಿಲ್ಲ, ಗಂಜಿಯಿಲ್ಲ. ಅಲ್ಲಿ ಹೇಗೆ ಉಣ್ಣುತ್ತಾಳೆ? ತಡೆಯಬೇಕೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟೆ.

ಕೆಲವು ದಿನ ಫೋನು ಮಾಡುವ ಧೈರ್ಯವೂ ಬರಲಿಲ್ಲ. ಕೊನೆಗೆ ಅಣ್ಣನೇ ಮಾಡಿದ. ಮೊದಲು ಒಂದಷ್ಟು ಬೈದ. ಅಮ್ಮ ಅವನ ಅಡುಗೆಮನೆಯಲ್ಲೂ ಡಬ್ಬಿ ಇಟ್ಟಿದ್ದಾಳಂತೆ. ಬೀದಿಯ ಮನೆಗಳಿಂದ ರಾಗಿಹಿಟ್ಟು, ಅಕ್ಕಿ ಎತ್ತಿದ್ದಾಳಂತೆ. ಊರಾಚೆಯ ಬೀಳು ಹೊಲದಲ್ಲಿ ದೂರದ ಕುರಿಗಾರರು ಮಂದೆ ಹಾಕಿದ್ದಾರೆ, ಅವರಲ್ಲೊಬ್ಬಳು ಹಸಿಬಾಣಂತಿ. ಅಲ್ಲೇ ಒಲೆ ಹೂಡಿ ಗಂಜಿ ಕಾಯಿಸುತ್ತಾಳಂತೆ. ಬೀದಿಯ ಹೆಂಗಸರೆಲ್ಲ ಅವಳ ಹಿಂದೆ. ಇದನ್ನೆಲ್ಲ ತಲೆಗೆ ತುಂಬಿದವಳು ನೀನೇ ಅಂದ.

ನನಗೆ ಬೇಕಾಗಿದ್ದದ್ದು ಒಂದೇ.

"ಅಮ್ಮ ಉಂಡ್ಲೇನಣ್ಣ?"

ಅಣ್ಣನ ದನಿ ಇಳಿಯಿತು.

"ಉಂಡ್ಲು ಕಣೇ. ಆ ಬಾಣಂತಿ ಪಕ್ಕ ಕೂತ್ಕಂಡು ಉಂಡ್ಲು. ಇನ್ನೊಂದ್ ಸೌಟು ಬಿಡೋ ಮಗ ಅಂದ್ಲು."

ಸೌಟು ಅವನ ಕೈಯಲ್ಲಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಅವನು ಫೋನು ಇಟ್ಟಿದ್ದ.