ಬಿಳಿ ಸದಾಫುಲಿಗೆ ಚಾಟ್ನಿ

ಸದಾಫುಲಿ ಬೆಳೆಸಲು ಬರದವನು ವಿಜಯಪುರದಲ್ಲಿ ನಾನೊಬ್ಬನೇ ಇರಬೇಕು. ಗಟಾರದ ಕಲ್ಲುಸಂದಿಯಲ್ಲಿ, ಹಳೆಯ ಗುಮ್ಮಟಗಳ ನೆತ್ತಿಯ ಮೇಲೆ, ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಹಿಂದೆ ಸುಟ್ಟ ಎಣ್ಣೆ ಚೆಲ್ಲಿದ ಮಣ್ಣಿನಲ್ಲಿ ಕೆಲವರು ನಿತ್ಯಪುಷ್ಪ ಎನ್ನುವ ಈ ಗಿಡ ತಾನಾಗಿ ಹುಟ್ಟಿ ವರ್ಷವಿಡೀ ಹೂ ಬಿಡುತ್ತದೆ. ಯಾರೂ ನೀರು ಹಾಕುವುದಿಲ್ಲ. ಆಡು ಕೂಡ ಮೂಸಿ ಮುಂದೆ ಹೋಗುತ್ತದೆ. ಅಂಥ ಗಿಡವನ್ನು ನಾನು ಒಂದೇ ವಾರದಲ್ಲಿ, ಬಹಳ ಶ್ರಮಪಟ್ಟು ಕೊಂದೆ. ಅದೂ ನನ್ನದಲ್ಲ, ಪಕ್ಕದ ಮನೆಯವರದು.

ಪಕ್ಕದ ಮನೆಯ ಆಪಾ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಅವರ ಅಂಗಳದಲ್ಲಿ, ಸುತ್ತ ಇಟ್ಟಿಗೆ ಇಟ್ಟ ಪುಟ್ಟ ಮಡಿಯಲ್ಲಿ, ಒಂದು ಬಿಳಿ ಸದಾಫುಲಿ ಇತ್ತು. ಊರ ತುಂಬ ಇರುವುದು ಗುಲಾಬಿ ಬಣ್ಣದ್ದು. ಈ ಬಿಳಿಯದರ ಬೀಜವನ್ನು ಅವರು ಮದುವೆಯಾಗಿ ಬರುವಾಗ ತಿಕೋಟಾದ ಆಚೆ ಇರುವ ತವರೂರು ಘೋಣಸಗಿಯಿಂದ, ತಾಯಿಯ ಹಿತ್ತಲಿನಿಂದ ತಂದಿದ್ದರು. ಒಂದು ಗಿಡ ಮುದಿಯಾದರೆ ಅದರ ಬೀಜದಿಂದ ಇನ್ನೊಂದು. ಹೀಗೆ ನಲವತ್ತು ವರ್ಷಕ್ಕೂ ಮೇಲೆ ನಡೆದಿತ್ತು.

ದೀಪಾವಳಿ ಮುಗಿದ ಮೇಲೆ ಅಂಗಳಕ್ಕೆಲ್ಲ ಫರ್ಸಿ, ಅಂದರೆ ಹಾಸುಗಲ್ಲು, ಹಾಕಿಸುವುದೆಂದು ಅವರ ಮಗ ಗೌಂಡಿಗೆ ಹೇಳಿಬಿಟ್ಟಿದ್ದ. ಅದಕ್ಕೆ ಮುಂಚೆ ಆಪಾ ಎಂಟು ದಿನ ಸೊಲ್ಲಾಪುರದ ಮಗಳ ಮನೆಗೆ ಹೋಗಬೇಕಿತ್ತು. ನಮ್ಮ ಗೋಡೆಯ ಹತ್ತಿರ ಬಂದು ನಿಂತರು.

"ಸರ, ಫರ್ಸಿ ಬೀಳೂದ್ರೊಳಗ ಇದರ ಬೀಜ ಉಳೀಬೇಕು ನೋಡ್ರಿ. ನಂದು ಅದೊಂದ ಚಿಂತಿ. ಕಾಯಿ ಇನ್ನೂ ಹಸಿ ಅದಾವ. ಹಳದಿ ಆದ ಮ್ಯಾಗ ಹರದು ಕಾಗದದಾಗ ಇಡ್ರಿ. ಮತ್ತೇನೂ ಮಾಡಬ್ಯಾಡ್ರಿ."

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನಿಗೆ 'ಮತ್ತೇನೂ ಮಾಡಬ್ಯಾಡ್ರಿ' ಎಂಬುದು ಕಿವಿಗೆ ಬೀಳುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ.

"ಆಪಾ, ಇದು ನಮ್ಮ ಕಡೀ ಗಿಡ ಅಲ್ರಿ. ಆಫ್ರಿಕಾದ ಬಾಜೂಕ ಮಡಗಾಸ್ಕರ್ ಅಂತ ದ್ವೀಪ ಐತಿ. ಸುತ್ತೆಲ್ಲ ಸಮುದ್ರ. ಅಲ್ಲೀದು ಇದು."

"ಹೌದೇನ್ರಿ? ಹಂಗಾರ ಪಾಪ, ಅದಕ್ಕೂ ತವರಮನಿ ದೂರ."

"ಬೀಜದ ಭರೋಸಾ ಇಲ್ರಿ. ಬಿಳೀದರ ಬೀಜಕ್ಕ ಗುಲಾಬಿ ಹುಟ್ಟಬಹುದು. ಕಡ್ಡಿ ಊರಿ ಬೇರು ಬರಿಸಿದ್ರ ತಾಯಿ ಹೆಂಗೋ ಮಗಳು ಹಂಗ."

"ನಮ್ಮನಿಯೊಳಗ ಹಂಗೇನೂ ಆಗಿಲ್ರಿ. ನನ್ನ ಮಗಳು ಅವರತ್ತೀ ಹಂಗ ಆಗ್ಯಾಳ," ಎಂದು ಆಪಾ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಆ ಕಡ್ಡಿಯ ವಿದ್ಯೆ ನನಗೆ ಬಂದದ್ದು ಅದರ ಹಿಂದಿನ ಭಾನುವಾರ, ಬಬಲೇಶ್ವರದಲ್ಲಿ. ಹೆಂಡತಿಯ ತಮ್ಮ ಅಲ್ಲಿ ದ್ರಾಕ್ಷಿ ಬೆಳೆಯುತ್ತಾನೆ. ಅದು ಚಾಟ್ನಿಯ ಕಾಲ. ಚಾಟ್ನಿ ಎಂದರೆ ಬಳ್ಳಿಯ ಹಳೆಯ ಕಡ್ಡಿಗಳನ್ನು ಕತ್ತರಿಯಿಂದ ಗಿಡ್ಡಗೆ ಸವರಿ, ಉಳಿದ ಕಡ್ಡಿಯ ಕಣ್ಣುಗಳಿಗೆ ಒಂದು ಔಷಧದ ಪೇಸ್ಟ್ ಹಚ್ಚುವುದು. ಎಂಟು ಹತ್ತು ದಿನದಲ್ಲಿ ಬೋಳು ಬಳ್ಳಿ ಚಿಗುರುತ್ತದೆ. ನಾನು ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕುಳಿತು ಇದನ್ನೆಲ್ಲ ನೋಡಿದ್ದೆ. ಕಲಿತೆ ಎಂದು ತಿಳಿದುಕೊಂಡಿದ್ದೆ. ಹೊರಡುವಾಗ ಉಳಿದ ಪೇಸ್ಟನ್ನು ಒಂದು ಬಾಟಲಿಯಲ್ಲಿ ತಂದೆ. ಅವನು ಕೊಟ್ಟನೋ, ನಾನೇ ಕೇಳಿ ಇಸಿದುಕೊಂಡೆನೋ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ.

ಆಪಾ ಹೋದ ಮಧ್ಯಾಹ್ನವೇ ಕತ್ತರಿ ಹಿಡಿದು ಅವರ ಅಂಗಳಕ್ಕೆ ಇಳಿದೆ. ಮೊದಲು ಹಸಿ ಕಾಯಿಗಳನ್ನೆಲ್ಲ ಕತ್ತರಿಸಿ ಎಸೆದೆ, ಶಕ್ತಿಯೆಲ್ಲ ಬೇರಿಗೆ ಇಳಿಯಲೆಂದು. ಆಮೇಲೆ ಟೊಂಗೆಗಳನ್ನು ಗೇಣುದ್ದ ಬಿಟ್ಟು ಸವರಿದೆ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಪ್ರತಿ ಗೆಣ್ಣಿಗೂ ಪೇಸ್ಟ್ ಹಚ್ಚಿದೆ. ಕತ್ತರಿಸಿದ ಟೊಂಗೆಗಳನ್ನು ಮಣ್ಣು ತುಂಬಿದ ಹಾಲಿನ ಚೀಲಗಳಲ್ಲಿ ಊರಿ, ಬೆಳಿಗ್ಗೆ ಸಂಜೆ ತಂಬಿಗೆಯಿಂದ ನೀರು ಹೊಯ್ದೆ.

ಮೂರನೆಯ ದಿನ ಗಿಡದ ತುದಿಗಳು ಕಪ್ಪಾದವು. ಚಿಗುರುವ ಮುಂಚೆ ಹೀಗೇ ಆಗುತ್ತದೆಂದು ಆಪಾ ಅವರ ಸೊಸೆಗೆ ಹೇಳಿದೆ. ಆಕೆ ಪಾಪ, ನಂಬಿದಳು. ಐದನೆಯ ದಿನ ಬುಡ ಬೆಂದ ಬದನೆಕಾಯಿಯಂತೆ ಮೆತ್ತಗಾಯಿತು. ಹಾಲಿನ ಚೀಲದೊಳಗಿನ ಕಡ್ಡಿಗಳು ನೀರು ಹೆಚ್ಚಾಗಿ ಒಂದೊಂದಾಗಿ ಕೊಳೆತವು. ಬಬಲೇಶ್ವರಕ್ಕೆ ಫೋನು ಮಾಡಿದೆ.

"ಮಾಮಾ, ಪೇಸ್ಟ್ ಯಾವುದಕ್ಕ ಹಚ್ಚೀರಿ?"

"ಸದಾಫುಲಿಗೆ."

ಅವನು, "ಅಕ್ಕನ ಕೈಯಾಗ ಫೋನ್ ಕೊಡ್ರಿ," ಎಂದ. ಕೊಡಲಿಲ್ಲ.

ಏಳನೆಯ ದಿನ ನರ್ಸರಿಗೆ ಹೋದೆ. ಅಲ್ಲಿ ಬಿಳಿ ಸದಾಫುಲಿ ಎರಡು ಬಗೆಯವಿದ್ದವು. ಒಂದು ಪೂರ್ತಿ ಬಿಳಿ, ಇನ್ನೊಂದಕ್ಕೆ ನಡುವೆ ಕೆಂಪು ಕಣ್ಣು. ಹನ್ನೊಂದು ವರ್ಷ ಗೋಡೆಯ ಮೇಲಿಂದ ನೋಡಿದ ಹೂವು ಇವೆರಡರಲ್ಲಿ ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಕೆಂಪು ಕಣ್ಣು ಸ್ಪಷ್ಟವಾಗಿ ಕಂಡಿತು, ಬೆಳಗಿನ ಬಿಸಿಲು, ಹೂವಿನ ಮೇಲೊಂದು ಇರುವೆ ಸಮೇತ. ಅಷ್ಟು ಸ್ಪಷ್ಟವಾಗಿ ಕಂಡದ್ದನ್ನು ನಂಬಬಾರದೆಂದು ಜನ್ಮವಿಡೀ ನನ್ನ ಕತೆಗಳಲ್ಲಿ ಬರೆದುಕೊಂಡು ಬಂದವನು ನಾನು. ಆದರೂ ಕೆಂಪು ಕಣ್ಣಿನದನ್ನೇ ತಂದು, ಸತ್ತ ಗಿಡ ಕಿತ್ತು, ಆ ಜಾಗದಲ್ಲಿ ನೆಟ್ಟೆ.

ಮುಂದಿನದನ್ನು ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ಆಪಾ ಬಂದ ಕೂಡಲೇ ನಾನು ಎದುರಿಗೆ ಹೋಗಿ ತಪ್ಪು ಒಪ್ಪಿಕೊಂಡೆ, ಅವರು ನಕ್ಕು ಕ್ಷಮಿಸಿದರು. ಹೆಂಡತಿ ಅದನ್ನು ಓದಿ, "ಇದು ಯಾರ ಕತೀರಿ?" ಎಂದಳು. ಆ ಹಾಳೆ ಹರಿದೆ. ಆದದ್ದು ಇದು.

ಆಪಾ ಚೀಲವನ್ನೂ ಕೆಳಗಿಡದೆ ಮಡಿಯ ಹತ್ತಿರ ಬಂದರು. ನಾನು ಗೋಡೆಯ ಈಚೆಯಿಂದಲೇ, "ಚಾಟ್ನಿ ಮಾಡೀನ್ರಿ. ಅದಕ್ಕ ಹೂವು ಹಿಂಗ ದೊಡ್ಡು ಆಗ್ಯಾವ," ಎಂದೆ.

ಅವರು ಬಗ್ಗಿ ಒಂದು ಹೂವನ್ನು ಬೆರಳಿಂದ ಎತ್ತಿದರು.

"ಖರೇನ, ದೊಡ್ಡು ಆಗ್ಯಾವ," ಎಂದರು. "ಮತ್ತ ನನ್ನ ಗಿಡಕ್ಕ ಕುಂಕುಮಾನೂ ಹಚ್ಚೀರೇನ್ರಿ ಸರ?"

ಗೋಡೆಯ ಈಚೆ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಇನ್ನೂ ಏನೋ ಹೇಳಲು ಹೋದೆ, ಔಷಧಿಯ ಗುಣಕ್ಕೆ ಬಣ್ಣ ತಿರುಗುತ್ತದೆ ಎಂದೋ ಏನೋ. ಆಪಾ ಮಣ್ಣಿನಿಂದ ಹೊರಗೆ ಚಾಚಿದ್ದ ನರ್ಸರಿ ಚೀಲದ ಕಪ್ಪು ಅಂಚನ್ನು ಚಿವುಟಿ ಹಿಡಿದು ನನ್ನತ್ತ ನೋಡಿದರು.

"ಕಾಯಿ?"

"ಹಸಿ ಇದ್ದಾಗ ಕತ್ತರಿಸಿ ಒಗದೆ."

"ಎಲ್ಲಾನೂ?"

"ಎಲ್ಲಾನೂ."

ಬೈದಿದ್ದರೆ ಚೆನ್ನಾಗಿತ್ತು. ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಲ್ಲಿಂದಲೇ, ನನಗಲ್ಲ, ನನ್ನ ಹೆಂಡತಿಗೆ ಹೇಳಿದರು: "ಅಕ್ಕಾರ, ತವರಮನ್ಯಾಗೂ ಈಗ ಹಿತ್ತಲ ಇಲ್ರಿ. ಎಲ್ಲಾ ಸಿಮೆಂಟ್ ಆಗೇತಿ. ಖಬರಸ್ತಾನದಾಗ ನಮ್ಮ ಅಮ್ಮನ ಗೋರಿ ಕಡೆ ಒಂದು ಹಚ್ಚಿದ್ರು. ಈಗ ಐತೋ, ಹುಲ್ಲು ತಗಿಯೂ ಮುಂದ ಅದನ್ನೂ ಕಿತ್ತಾರೋ."

ಮರುದಿನ ಬೆಳಿಗ್ಗೆ ಘೋಣಸಗಿಗೆ ಹೋಗಲು ಕಾರು ತೆಗೆದೆ. ಅವರಿಬ್ಬರೂ ಹಿಂದೆ ಕುಳಿತರು. "ನೀವು ಗಾಡಿ ಅಷ್ಟ ಹೊಡೀರಿ. ಗಿಡಕ್ಕ ಕೈ ಹಚ್ಚಬ್ಯಾಡ್ರಿ," ಎಂದು ಆಪಾ ಹತ್ತುವ ಮುಂಚೆಯೇ ಕರಾರು ಮಾಡಿದರು. ತಿಕೋಟಾದಲ್ಲಿ ಚಹಾಕ್ಕೆ ನಿಲ್ಲಿಸಲೇ ಎಂದು ಕೇಳಿದೆ. ಇಬ್ಬರೂ ಬೇಡವೆಂದರು. ಆ ದಿನ ನನ್ನ ಯಾವ ಸಲಹೆಗೂ ಗಿರಾಕಿ ಇರಲಿಲ್ಲ.

ಘೋಣಸಗಿಯ ಖಬರಸ್ತಾನದ ಗೋಡೆ ಎದೆಮಟ್ಟ ಇದೆ. ಬಾಗಿಲ ಹತ್ತಿರ ಆಪಾ ನಿಂತರು. ಅವರ ಕಡೆ ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ, ಹೊರಗೇ ನಿಂತು ದುವಾ ಓದುತ್ತಾರೆ. ಒಳಗೆ ಹೋಗಬೇಕಾದ ಅವರ ತಮ್ಮ ಫೋನಿನಲ್ಲಿ, ಹೊಲಕ್ಕೆ ಆಳುಗಳು ಬಂದಿದ್ದಾರೆ, ಸಂಜೆಯವರೆಗೆ ಬರಲಾಗದು, ಸರನ್ನೇ ಕಳಿಸು ಎಂದ. ಆಪಾ ಫೋನು ಇಟ್ಟು ನನ್ನ ಕೈಗಳನ್ನು ನೋಡಿದರು. ಬೇರೆ ಗಂಡಸರು ಯಾರಾದರೂ ಸಿಕ್ಕಾರೆಯೇ ಎಂದು ರಸ್ತೆಯ ಎರಡೂ ಬದಿ ನೋಡಿದರು.

"ಹೋಗ್ರಿ," ಎಂದರು. "ನಾ ಹೇಳಿದಷ್ಟ ಮಾಡ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಲ್ಲುಗಳ ನಡುವೆ ಎಲ್ಲೆಲ್ಲೂ ಗುಲಾಬಿ ಸದಾಫುಲಿ.

"ಬೇವಿನ ಗಿಡದ ಬಾಜೂಕ, ಮೂರನೇ ಗೋರಿ."

"ಇಲ್ಲಿ ಎರಡು ಬೇವಿನ ಗಿಡ ಅದಾವ್ರಿ ಆಪಾ."

"ಒಂದ ಇತ್ತು," ಎಂದರು. ಮೊದಲ ಬಾರಿ ಅವರ ದನಿಯಲ್ಲಿ ಅನುಮಾನ ಬಂತು. "ದೊಡ್ಡದು ನೋಡ್ರಿ."

ದೊಡ್ಡ ಬೇವಿನಿಂದ ಎಣಿಸಿದರೆ ಮೂರನೆಯದರ ಹತ್ತಿರ ಏನೂ ಇರಲಿಲ್ಲ. ನಾಲ್ಕನೆಯದರ ಕಾಲದೆಸೆಯಲ್ಲಿ ಬಿಳಿ ಹೂವಿನ ಒಂದು ಬಡಕಲು ಗಿಡ ಇತ್ತು. ಕೂಗಿ ಹೇಳಿದೆ. ಆಪಾ ಗೋಡೆಯ ಮೇಲಿಂದ ಕತ್ತು ಚಾಚಿದರು.

"ಕಣ್ಣು ಕೆಂಪು ಐತೇನ್ರಿ?"

"ಇಲ್ರಿ. ಪೂರ್ತಿ ಬಿಳಿ."

"ಹಂಗಾರ ಅದ. ಹಸರ ಕಾಯಿ ಬಿಡ್ರಿ. ಹಳದಿಗೆ ಬಂದದ್ದು ನೋಡ್ರಿ. ಮುಟ್ಟಿದ್ರ ಒಡೀತಾವ, ಕೆಳಗ ಅಂಗೈ ಹಿಡೀರಿ."

"ಕನ್ನಡಕ ಹಾಕ್ಕೊಳ್ರಿ," ಎಂದಳು ಹೆಂಡತಿ.

ನಾನು ಮಣ್ಣಿನಲ್ಲಿ ಕುಳಿತೆ. ಆ ಗಿಡ ಅವರ ತಾಯಿಯದೇ ಎಂದು ನಾನು ಪ್ರಮಾಣ ಮಾಡಲಾರೆ. ಇನ್ನಾರದೋ ತಾಯಿಯದಿರಬಹುದು, ಮಕ್ಕಳಿಲ್ಲದ ಯಾವನೋ ಮುದುಕನದೂ ಇರಬಹುದು. ಕಲ್ಲಿನ ಮೇಲೆ ಹೆಸರಿರಲಿಲ್ಲ. ಎಲೆಯ ಸಂದಿಯಲ್ಲಿ ಜೋಡಿಯಾಗಿ ನಿಂತ, ಸೂಜಿಗಿಂತ ಸ್ವಲ್ಪ ದಪ್ಪದ ಕಾಯಿಗಳಲ್ಲಿ ಹಳದಿಗೆ ತಿರುಗಿದ್ದು ಮೂರೇ ಮೂರು. ಉಸಿರು ಬಿಗಿಹಿಡಿದು ಒಂದೊಂದನ್ನೇ ಅಂಗೈಗೆ ಒಡೆದುಕೊಂಡೆ. ಮುಷ್ಟಿ ಕಟ್ಟಿಕೊಂಡು ಹೊರಗೆ ಬಂದೆ, ಚಪ್ಪಲಿಯನ್ನೂ ಮೆಟ್ಟದೆ.

ಆಪಾ ತಮ್ಮ ಎಲೆ ಅಡಿಕೆಯ ಡಬ್ಬಿ ಖಾಲಿ ಮಾಡಿ ಹಿಡಿದಿದ್ದರು. ನನ್ನ ಬೆರಳುಗಳನ್ನು ತಾವೇ ಒಂದೊಂದಾಗಿ ಬಿಡಿಸಿದರು. ಕರಿ ಎಳ್ಳಿನಂಥ ಬೀಜಗಳು ಡಬ್ಬಿಗೆ ಬಿದ್ದವು. ಒಂದು ಬೀಜ ಅಂಗೈಯ ಗೆರೆಯ ಬೆವರಿಗೆ ಅಂಟಿತ್ತು. ಉಗುರಿನಿಂದ ಅದನ್ನೂ ಬಿಡಿಸಿಕೊಂಡರು.

ಅಂಗಳಕ್ಕೆ ಫರ್ಸಿ ಬಿತ್ತು. ಆಪಾ ಬಣ್ಣದ ಖಾಲಿ ಬಕೆಟ್ಟಿನಲ್ಲಿ ಬೀಜ ಹಾಕಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟರು. ಮೊಳಕೆ ಕಂಡ ಮೇಲೆ ಬಿಸಿಲಿಗೆ ತಂದರು. ನನಗೆ ಗೋಡೆಯ ಈಚೆಯಿಂದ ನೋಡುವ ಪರವಾನಗಿ ಮಾತ್ರ ಇತ್ತು. ಸಸಿಗಳು ಬೆರಳುದ್ದ ಆದಾಗ ಅವರು ಒಂದೊಂದರ ದಂಟನ್ನು ಬಿಸಿಲಿಗೆ ಹಿಡಿದು ನೋಡಿ ಆರಿಸತೊಡಗಿದರು. ಏನು ನೋಡುತ್ತೀರೆಂದು ಕೇಳಿದೆ.

"ದಂಟು ಪೂರಾ ಹಸರ ಇದ್ರ ಬಿಳಿ ಹೂವು. ಕೆಂಪ ಇದ್ರ ಗುಲಾಬಿ. ನಿಮ್ಮ ಕಾಲೇಜಿನ್ಯಾಗ ಹೇಳಿಲ್ಲೇನ್ರಿ?"

ಹಸಿರು ದಂಟಿನವು ನಾಲ್ಕು ಸಿಕ್ಕವು. ನಾಲ್ಕನ್ನೂ ಅವರು ತಮ್ಮ ಬಕೆಟ್ಟಿನಲ್ಲಿ ಉಳಿಸಿಕೊಂಡರು. ಕೆಂಪು ದಂಟಿನ ಎರಡನ್ನು ಹಸಿ ಕಾಗದದಲ್ಲಿ ಸುತ್ತಿ ಗೋಡೆಯ ಮೇಲಿಂದ ನನ್ನ ಕೈಗೆ ಕೊಟ್ಟರು.

"ಇವು ನಿಮಗಿರಲಿ ಸರ," ಎಂದರು. "ಇವನ್ನ ಉಳಿಸಿ ತೋರಿಸ್ರಿ, ಬಿಳೀದರ ಮಾತು ಆಮ್ಯಾಲ ನೋಡೋಣು."