ಯಾರೂ ಕೊಡದ ಫಾರಂ

ಕೊರೊನಾ ಕಾಲದಲ್ಲಿ ಕೌಂಟರುಗಳ ಮೇಲೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಪರದೆಗಳನ್ನು ಕೊನೆಗೂ ತೆಗೆದುಹಾಕಿದ ವರ್ಷವದು. ಟೋಕಿಯೋ ದಾಟಿದ ಕೂಡಲೇ, ತೋಝಾಯಿ ರೈಲು ಮಾರ್ಗದ ಮೇಲೆ ಸಿಗುವ ಒಂದು ನಗರದ ಕಚೇರಿಯಲ್ಲಿ ನಾನು ವಿದೇಶಿಯರ ಸಲಹೆಗಾರ್ತಿಯಾಗಿದ್ದೆ. ಎರಡನೇ ಮಹಡಿ, ಹದಿನಾಲ್ಕನೇ ಕೌಂಟರ್. ಇಂಗ್ಲಿಷ್, ಹಿಂದಿ, ಅಪರೂಪಕ್ಕೆ ಕನ್ನಡದಲ್ಲಿ ಜನರ ಕಷ್ಟ ಕೇಳಿ, ಅದನ್ನು ಜಪಾನಿಗೆ ತಿರುಗಿಸಿ, ಸರಿಯಾದ ವಿಭಾಗಕ್ಕೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಕೆಲಸ ಕಾಯಂ ಅಲ್ಲ, ಪ್ರತಿ ಮಾರ್ಚ್ ಕೊನೆಗೆ ಗುತ್ತಿಗೆ ನವೀಕರಣ. ಗಂಡನ ಕಂಪನಿಯ ಕಾರಣಕ್ಕೆ ಟೋಕಿಯೋದ ನಿಶಿ ಕಸಾಯಿಗೆ ಬಂದು, ಮಗಳ ಶಾಲೆಯ ಚೀಟಿಗಳನ್ನು ಓದಲೆಂದೇ ಜಪಾನಿ ಕಲಿತವಳು ನಾನು. ಹೆಸರು ವಸುಧಾ. ಜಪಾನಿಯರ ನಾಲಿಗೆಗೆ ‘ವ’ ಹೊರಳದ ಕಾರಣ, ಕಚೇರಿಯಲ್ಲಿ ಮಾತ್ರ ಹನ್ನೊಂದು ವರ್ಷವೂ ‘ಬಸುದಾ ಸಾನ್’, ಅಂದರೆ ಬಸುದಾ ಅವರು, ಆಗಿಯೇ ಉಳಿದೆ.

ಫೆಬ್ರವರಿಯ ಕೊನೆಯ ವಾರ, ಒಂದು ಬೆಳಿಗ್ಗೆ ಗಂಡಹೆಂಡತಿ ಇಬ್ಬರು ಬಂದು ಕೂತರು. ಅವರಿಬ್ಬರೂ ಧಾರವಾಡದ ಕಡೆಯವರು. ಮಲ್ಲೇಶ ಒಂದು ಭಾರತೀಯ ರೆಸ್ಟೋರೆಂಟಿನಲ್ಲಿ ಅಡುಗೆಯವನಾಗಿದ್ದ. ಹಿಂದಿನ ಶರತ್ಕಾಲದಲ್ಲಿ ಅದು ಬಾಗಿಲು ಹಾಕಿತ್ತು. ಕೆಲಸ ಹೋದ ಮೇಲೆ ಅಡುಗೆಯವರ ವೀಸಾವೂ ನವೀಕರಣವಾಗಲಿಲ್ಲ. ಊರಿಗೆ ಹೊರಡುವ ತಯಾರಿಗೆಂದು ಮೂವತ್ತು ದಿನದ ಒಂದು ಅನುಮತಿ ಕೊಟ್ಟಿದ್ದರು. ಅವನ ಹೆಂಡತಿ ಸವಿತಾ ಏಳು ತಿಂಗಳು ದಾಟಿದ ಗರ್ಭಿಣಿ. ಹೊರಡಲು ಅವರೂ ಸಿದ್ಧರಿದ್ದರು. ಆದರೆ ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂತಿದೆ, ಯಾವ ಗಳಿಗೆಯಲ್ಲಾದರೂ ರಕ್ತ ಹೋಗಬಹುದು, ವಿಮಾನ ಹತ್ತಕೂಡದು, ಆಪರೇಷನ್ ಮಾಡಿಯೇ ಮಗುವನ್ನು ತೆಗೆಯಬೇಕು ಎಂದು ಕ್ಲಿನಿಕ್ಕಿನ ಡಾಕ್ಟರ್ ಬರೆದುಕೊಟ್ಟಿದ್ದರು. ಆ ಚೀಟಿ ತೋರಿಸಿದ ಮೇಲೆ ಅನುಮತಿ ಇನ್ನೊಂದು ಮೂವತ್ತು ದಿನ ಮುಂದಕ್ಕೆ ಹೋಗಿತ್ತು.

ಮೂವತ್ತು ದಿನದ ಅನುಮತಿಯವರು ಈ ದೇಶದಲ್ಲಿ ನಿವಾಸಿಗಳಲ್ಲ. ನಿವಾಸಿಗಳ ದಾಖಲೆಯಲ್ಲಿ ಹೆಸರಿಲ್ಲದಿದ್ದರೆ ಆರೋಗ್ಯ ವಿಮೆಯಿಲ್ಲ, ಸರ್ಕಾರಿ ನೆರವೂ ಇಲ್ಲ. ಕ್ಲಿನಿಕ್ಕಿನಲ್ಲಿ ಇಂಥ ಹೆರಿಗೆ ಮಾಡುವುದಿಲ್ಲ. ದೊಡ್ಡ ಆಸ್ಪತ್ರೆಯವರು ವಿಮೆ ಕಾರ್ಡ್ ತನ್ನಿ, ಇಲ್ಲವೇ ನಗರ ಕಚೇರಿಯ ಪತ್ರ ತನ್ನಿ ಅಂದಿದ್ದರು. ಹೆರಿಗೆ ಏಪ್ರಿಲ್ ಮೂರನೇ ವಾರಕ್ಕೆ. ಅಷ್ಟರೊಳಗೆ ಆ ಒಂದು ಪತ್ರ ಬೇಕಿತ್ತು.

“ಎಲ್ಲಾರೂ ಭಾಳ ಛಲೋ ಮಾತಾಡ್ತಾರ್ರೀ ಅಕ್ಕಾರ, ಬಗ್ಗಿ ನಮಸ್ಕಾರ ಮಾಡ್ತಾರ. ಕೆಲಸ ಮಾತ್ರ ಆಗವಲ್ದು,” ಅಂದಳು ಸವಿತಾ.

ಮುಂದಿನ ಮೂರು ದಿನ ಆ ಮಾತಿನ ರುಚಿ ನನಗೂ ಸಿಕ್ಕಿತು. ವಿಮೆಯ ಕೌಂಟರಿನಲ್ಲಿ ನಿವಾಸಿ ನೋಂದಣಿಗೆ ಹೋಗಿ ಅಂದರು. ನೋಂದಣಿಯವರು ಮೂವತ್ತು ದಿನದ ಕಾಗದ ನೋಡಿ ಕಲ್ಯಾಣ ವಿಭಾಗಕ್ಕೆ ಅಂದರು. ಕಲ್ಯಾಣದವರು ಇದು ಹೆರಿಗೆಯ ವಿಷಯ, ಆರೋಗ್ಯ ಕೇಂದ್ರಕ್ಕೆ ಅಂದರು. ಆರೋಗ್ಯ ಕೇಂದ್ರದ ದಾದಿಯೊಬ್ಬಳು ಮಾತ್ರ ವೀಸಾದ ಬಗ್ಗೆ ಒಂದಕ್ಷರ ಕೇಳದೆ, ತಪಾಸಣೆಗಳನ್ನು ಬರೆದಿಡುವ ತಾಯಿ-ಮಗುವಿನ ಕೈಪುಸ್ತಕವನ್ನು ಹತ್ತೇ ನಿಮಿಷದಲ್ಲಿ ಸವಿತಾಳ ಕೈಗಿಟ್ಟಳು. ಆ ದಾದಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತ್ತು. ಆದರೆ ಆಸ್ಪತ್ರೆ ಕೇಳಿದ ಪತ್ರ ಕೊಡುವುದು ಅವಳ ಕೈಯಲ್ಲಿರಲಿಲ್ಲ. ಅದು ಮಕ್ಕಳ ವಿಭಾಗದ ಕೆಲಸ ಎಂದಳು. ಏಳು ತಿಂಗಳ ಗರ್ಭಿಣಿಯನ್ನು ನಾಲ್ಕು ಮಹಡಿ ಹತ್ತಿಸಿ ಇಳಿಸಿದೆವು. ಪ್ರತಿಯೊಬ್ಬರೂ ಎದ್ದು ನಿಂತು ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿದರು. ಆ ಕ್ಷಮೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ಮೂರನೇ ಮಹಡಿಯ ಮಕ್ಕಳ ವಿಭಾಗದಲ್ಲಿ ಸಿಕ್ಕವರು ಮೊರಿತಾ ಸಾನ್. ಮೂವತ್ತರ ಆಸುಪಾಸಿನ ಹುಡುಗ, ಸಂಭಾವಿತ. ನಿಜಕ್ಕೂ ಈ ವಿಭಾಗದಲ್ಲಿ ಒಂದು ದಾರಿಯಿತ್ತು: ಖರ್ಚು ಭರಿಸಲಾಗದ ಗರ್ಭಿಣಿಯರನ್ನು ಗೊತ್ತುಪಡಿಸಿದ ಆಸ್ಪತ್ರೆಗೆ ನಗರದ ಹೆಸರಿನಲ್ಲೇ ಸೇರಿಸುವ ವ್ಯವಸ್ಥೆ. ಹೆರಿಗೆಗೆ ಮೊದಲೇ ಒಪ್ಪಿಗೆ ಸಿಗಬೇಕು, ಅಷ್ಟೇ. ಮೊರಿತಾ ಸಾನ್ ಒಂದು ದಪ್ಪ ಕಡತವನ್ನು ತಿರುವಿ, ಹಲ್ಲಿನ ಸಂದಿಯಿಂದ ಸುಂಯ್ ಎಂದು ಉಸಿರೆಳೆದುಕೊಂಡರು. ಈ ದೇಶದಲ್ಲಿ ಹತ್ತು ವರ್ಷ ಇದ್ದವರಿಗೆ ಆ ಸದ್ದಿನ ಅರ್ಥ ಗೊತ್ತು: ಕಷ್ಟವಿದೆ.

“ನಮ್ಮ ನಗರದಲ್ಲಿ ಮೂವತ್ತು ದಿನದ ಅನುಮತಿಯವರಿಗೆ ಕೊಟ್ಟ ಪೂರ್ವನಿದರ್ಶನ ಇಲ್ಲ. ಪರಿಶೀಲಿಸುತ್ತೇವೆ,” ಅಂದರು.

“ಇಲ್ಲಂದ್ರೋ, ಹೂಂ ಅಂದ್ರೋ?” ಎಂದು ಮಲ್ಲೇಶ ನನ್ನ ಮುಖ ನೋಡಿದ.

“ಎರಡೂ ಅಲ್ಲ ಕಣಪ್ಪ,” ಅಂದೆ.

ಇಲ್ಲಿಂದ ಮುಂದಿನದು ನನ್ನ ತಪ್ಪು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಬೆಳೆದದ್ದು ಬೆಂಗಳೂರಿನಲ್ಲಿ. ಗ್ಯಾಸ್ ಸಂಪರ್ಕದಿಂದ ಹಿಡಿದು ಶಾಲೆಯ ಸೀಟಿನವರೆಗೆ, ‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಎಂದು ಹಲ್ಲು ಗಿಂಜಿ ಕೆಲಸ ಮಾಡಿಸಿಕೊಂಡೇ ಬಂದವರು ನಮ್ಮ ಮನೆಯವರು. ಅಧಿಕಾರಿ ಎಂದರೆ ಒಲಿಸಿಕೊಳ್ಳಬೇಕಾದವನು ಎಂಬುದು ನನ್ನ ರಕ್ತದಲ್ಲೇ ಇತ್ತು. ಅದನ್ನೇ ಜಪಾನಿಯಲ್ಲಿ ಶುರು ಹಚ್ಚಿಕೊಂಡೆ. ವಾರಕ್ಕೆರಡು ಬಾರಿ ಮೂರನೇ ಮಹಡಿಗೆ ಹೋಗಿ, ‘ಒನೆಗಾಯಿ ಶಿಮಾಸು’, ದಯವಿಟ್ಟು ನೋಡಿ, ಏನಾದರೂ ಮಾಡಿ, ಎಂದು ಬೇಡಿಕೊಂಡೆ. ಸವಿತಾಳ ಊರಿನ ಕಥೆ, ಅವಳ ಭಯ, ಎಲ್ಲ ಹೇಳಿದೆ. ಮೊರಿತಾ ಸಾನ್ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಪರಿಶೀಲಿಸುತ್ತೇವೆ ಅಂದರು. ಇನ್ನೇನು ಕರಗುತ್ತಾರೆ, ಇನ್ನೊಂದು ಸಲ ಹೋದರೆ ಸಾಕು ಎಂದು ನಾನು ನಂಬಿಕೊಂಡಿದ್ದೆ.

ಮಾರ್ಚ್ ಮಧ್ಯದಲ್ಲಿ ಮಲ್ಲೇಶ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದ. ಸಂಜೆಯಿಡೀ ಹಾಲು ಕಾಯಿಸಿ, ತಿರುವಿ, ತಾನೇ ಮಾಡಿದ ಪೇಡೆ.

“ಖಾಲಿ ಕೈಲೆ ಹೆಂಗ ಹೋಗೂದ್ರೀ ಅಕ್ಕಾರ? ನಮ್ಮ ಸಲುವಾಗಿ ಇಷ್ಟ ಓಡಾಡಾಕತ್ತಾರ,” ಅಂದ.

ಬೇಡ ಅನ್ನಬೇಕಿತ್ತು. ಇಲ್ಲಿ ಅಧಿಕಾರಿಗಳು ಜನರಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ ನನಗೆ ಗೊತ್ತಿತ್ತು. ಆದರೆ ಪೇಡೆಯ ವಾಸನೆಗೋ, ಅವನ ಮುಖಕ್ಕೋ ಸೋತು, ಮನೆಯಲ್ಲಿ ಮಾಡಿದ್ದಲ್ಲವೇ, ಏನಾಗುತ್ತದೆ ಅಂದುಕೊಂಡು ಮೇಲಕ್ಕೆ ಕರೆದುಕೊಂಡು ಹೋದೆ. ಮೊರಿತಾ ಸಾನ್ ಡಬ್ಬಿ ನೋಡಿದ್ದೇ ಬಿಳಿಚಿಕೊಂಡರು. ಎರಡೂ ಕೈಗಳಿಂದ ಅದನ್ನು ಹಿಂದಕ್ಕೆ ತಳ್ಳಿ, ಇದನ್ನು ಮೇಲಿನವರಿಗೆ ವರದಿ ಮಾಡಬೇಕಾಗುತ್ತದೆ ಅಂದರು. ಮಾಡಿಯೇ ಮಾಡಿದರು. ಒಂದು ಡಬ್ಬಿ ಪೇಡೆಯ ಮೇಲೆ ಎರಡು ಪುಟದ ವರದಿ! ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿ ಅತ್ಯಂತ ವಿನಯದಿಂದ ಬೈದರು. ವರದಿ ಮುಗಿಯುವ ತನಕ ಮೊರಿತಾ ಸಾನ್ ನಮ್ಮನ್ನು ಭೇಟಿಯಾಗುವಂತಿಲ್ಲ ಎಂದು ಒಂದು ವಾರ ಹಾಳಾಯಿತು. ಆ ಪೇಡೆಯನ್ನು ನಾನು ಮನೆಗೆ ತಂದು ಸಿಟ್ಟಿನಲ್ಲಿ ಒಬ್ಬಳೇ ತಿಂದೆ.

ಮಾರ್ಚ್ ಮೂವತ್ತರಂದು ಮೊರಿತಾ ಸಾನ್ ತಾವಾಗಿಯೇ ನನ್ನ ಕೌಂಟರಿಗೆ ಬಂದರು. ನೋಡಿದ ಕೂಡಲೇ ಪತ್ರ ಸಿಕ್ಕಿತು ಅಂದುಕೊಂಡು ಎದ್ದು ನಿಂತೆ. ಅವರು ಸೊಂಟದವರೆಗೆ ಬಾಗಿದರು. ಏಪ್ರಿಲ್ ಒಂದರಿಂದ ಅವರಿಗೆ ಉದ್ಯಾನವನ ವಿಭಾಗಕ್ಕೆ ವರ್ಗ. ಇಲ್ಲಿ ಪ್ರತಿ ಏಪ್ರಿಲ್ಲಿಗೆ ಕಚೇರಿಗಳ ಅರ್ಧ ಜನ ಕುರ್ಚಿ ಬದಲಿಸುತ್ತಾರೆ, ಮಕ್ಕಳ ಕಾನೂನು ಓದಿಕೊಂಡವರು ಮರ ಕತ್ತರಿಸಲು ಹೋಗುತ್ತಾರೆ. ಮುಂದೆ ಬರುವವರಿಗೆಂದು ಬರೆದಿಟ್ಟ ಟಿಪ್ಪಣಿಯನ್ನು ಅವರು ಒಳ್ಳೆಯ ಮನಸ್ಸಿನಿಂದಲೇ ನನಗೆ ತೋರಿಸಿದರು. ಅದರಲ್ಲಿದ್ದದ್ದು ಎರಡು ಸಾಲು. ‘ವಿದೇಶಿ ದಂಪತಿ, ಹೆರಿಗೆ ಕುರಿತು ಸಮಾಲೋಚನೆ. ಅರ್ಜಿ ಬಂದಿಲ್ಲ.’

“ಅರ್ಜಿ ಬಂದಿಲ್ವಾ?” ನನ್ನ ದನಿ ಇಡೀ ಮಹಡಿಗೆ ಕೇಳಿಸಿತು. “ಐದು ವಾರದಿಂದ ನಾವು ಬರ್ತಾನೇ ಇದೀವಲ್ಲ!”

“ಹೌದು. ಬರುತ್ತಿದ್ದಿರಿ. ಕ್ಷಮಿಸಿ,” ಎಂದು ಇನ್ನೊಮ್ಮೆ ಬಾಗಿ ಹೋದರು.

ನಾನು ಕುರ್ಚಿಗೆ ಕುಸಿದೆ. ಪಕ್ಕದ ಕುರ್ಚಿಯಲ್ಲಿ ಓಕುಬೊ ಸಾನ್ ಎಂದಿನಂತೆ ಬಾರ್ಲಿ ಚಹಾ ಕುಡಿಯುತ್ತಿದ್ದರು. ಕಲ್ಯಾಣ ವಿಭಾಗದಲ್ಲಿ ನಲವತ್ತು ವರ್ಷ ಸೇವೆ ಮಾಡಿ, ನಿವೃತ್ತರಾದ ಮೇಲೆ ಮತ್ತೆ ಗುತ್ತಿಗೆಯ ಮೇಲೆ ಬಂದು ಕೂತಿದ್ದ ಮುದುಕರು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

“ಬಸುದಾ ಸಾನ್, ನೀವು ಐದು ವಾರ ಬೇಡಿಕೊಂಡಿರಿ. ಅರ್ಜಿ ಕೊಡಲಿಲ್ಲ,” ಅಂದರು. “ಬೇಡಿಕೊಂಡರೆ ನಾವು ಹಿಂದೆ ಯಾರಿಗಾದರೂ ಕೊಟ್ಟಿದ್ದೇವೆಯೇ ಎಂದು ಹುಡುಕುತ್ತೇವೆ. ಅರ್ಜಿ ಕೊಟ್ಟರೆ ಕಾನೂನು ಪುಸ್ತಕ ತೆರೆಯಲೇಬೇಕು. ಆ ಕಾನೂನಿನಲ್ಲಿ ವೀಸಾ ಎಂಬ ಪದವೇ ಇಲ್ಲ. ಇಲ್ಲ ಅನ್ನುವುದಾದರೆ ಕಾರಣ ಬರೆದು ಸಹಿ ಹಾಕಬೇಕು. ಯಾರಿಗೂ ಆ ಸಹಿ ಹಾಕಲು ಇಷ್ಟವಿರುವುದಿಲ್ಲ.”

“ಮತ್ತೆ ಫಾರಂ ಯಾಕೆ ಕೊಡಲಿಲ್ಲ?”

“ಕೊಟ್ಟರೆ ಅರ್ಜಿ ಬರುತ್ತದಲ್ಲ. ನಾನೂ ಎಷ್ಟೋ ಜನರನ್ನು ಫಾರಂ ಕೊಡದೆ, ನಮಸ್ಕಾರ ಮಾಡಿ ಕಳಿಸಿದ್ದೇನೆ.” ಲೋಟದ ಕಡೆ ನೋಡುತ್ತಲೇ ಹೇಳಿದರು.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದಿರಲ್ಲ ಮಹರಾಯರೇ, ಬಾಯಿಗೆ ಕಡುಬು ತುರುಕಿಕೊಂಡಿದ್ದಿರಾ ಎಂದು ಕನ್ನಡದಲ್ಲೇ ಒದರಿ, ಆಮೇಲೆ ಸಭ್ಯ ಜಪಾನಿಯಲ್ಲಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀವು ಕೇಳಲಿಲ್ಲ,” ಅಂದರು ಓಕುಬೊ ಸಾನ್.

ಏಪ್ರಿಲ್ಲಿನ ಮೊದಲ ಕೆಲಸದ ದಿನ, ಬಾಗಿಲು ತೆರೆಯುವ ಹೊತ್ತಿಗೆ ನಾವು ಮೂರನೇ ಮಹಡಿಯಲ್ಲಿದ್ದೆವು. ಅರ್ಜಿಯನ್ನು ಸಲಹೆಗಾರ್ತಿ ಕೊಡುವಂತಿಲ್ಲ, ಸವಿತಾಳೇ ಕೊಡಬೇಕು. ಹಿಂದಿನ ವಾರಾಂತ್ಯವೆಲ್ಲ ಫೋನಿನಲ್ಲಿ ಅವಳಿಗೆ ಒಂದೇ ಒಂದು ವಾಕ್ಯ ಕಲಿಸಿದ್ದೆ: ‘ಶಿನ್ಸೇಯಿ ಶಿಮಾಸು.’ ಅರ್ಜಿ ಸಲ್ಲಿಸುತ್ತೇನೆ. ದಯವಿಟ್ಟು ಬೇಡ, ಕ್ಷಮಿಸಿ ಬೇಡ, ನಗುವೂ ಬೇಡ ಎಂದಿದ್ದೆ. ಹೆಸರನ್ನು ಜಪಾನಿ ಅಕ್ಷರದಲ್ಲಿ ಬರೆಯುವುದನ್ನು ಅವಳು ಹಳೆಯ ಮೆನು ಕಾರ್ಡಿನ ಹಿಂಭಾಗದಲ್ಲಿ ತಿದ್ದಿ ತಿದ್ದಿ ಕಲಿತಿದ್ದಳು.

ಮೊರಿತಾ ಸಾನ್ ಜಾಗಕ್ಕೆ ಹಾಯಾಶಿ ಸಾನ್ ಎಂಬ ಹೆಂಗಸು ಬಂದಿದ್ದರು. ಹಿಂದಿನ ವಾರದವರೆಗೆ ತೆರಿಗೆ ವಿಭಾಗದಲ್ಲಿದ್ದವರು. ಎರಡು ಸಾಲಿನ ಟಿಪ್ಪಣಿ ಓದಿ, “ಹಾಗಾದರೆ ಮೊದಲು ಸಮಾಲೋಚನೆಯಿಂದ ಆರಂಭಿಸೋಣ,” ಅಂದರು.

ಸವಿತಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. “ಶಿನ್ಸೇಯಿ ಶಿಮಾಸು.”

“ಅದು, ನಿಮ್ಮ ಅನುಮತಿಯ ಅವಧಿ...”

“ಶಿನ್ಸೇಯಿ ಶಿಮಾಸು.”

ಹಾಯಾಶಿ ಸಾನ್ ನನ್ನ ಕಡೆ ನೋಡಿದರು. ಅಭ್ಯಾಸಬಲದಿಂದ ‘ಒನೆಗಾಯಿ’ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. “ಈಕೆ ಅರ್ಜಿ ಸಲ್ಲಿಸುತ್ತಿದ್ದಾರೆ. ಫಾರಂ ಕೊಡಿ,” ಅಂದೆ. ಅವರು ಒಳಗೆ ಹೋದರು. ಗಾಜಿನಾಚೆ ಮೂವರು ಒಂದು ಪುಸ್ತಕದ ಮೇಲೆ ಬಗ್ಗಿದ್ದು ಕಾಣುತ್ತಿತ್ತು. ನಲವತ್ತು ನಿಮಿಷದ ಮೇಲೆ ಫಾರಂ ಬಂತು. ಒಂದೇ ಒಂದು ಹಾಳೆ! ಇದಕ್ಕಾಗಿ ಐದು ವಾರ! ಸವಿತಾ ನಾಲಿಗೆ ಕಚ್ಚಿಕೊಂಡು ಹೆಸರು ಬರೆದಳು. ಹಾಯಾಶಿ ಸಾನ್ ಅಂದಿನ ತಾರೀಖಿನ ಕೆಂಪು ಮುದ್ರೆ ಒತ್ತಿ, ಪ್ರತಿಯನ್ನು ಕೊಟ್ಟರು.

“ಇಷ್ಟ ಏನ್ರೀ?” ಅಂದ ಮಲ್ಲೇಶ. ನಾನು ಆ ಪ್ರತಿಯನ್ನು ಮಡಚಿ ಸವಿತಾಳ ಕೈಪುಸ್ತಕದೊಳಗಿಟ್ಟೆ.

ಒಂಬತ್ತನೇ ದಿನ ಒಪ್ಪಿಗೆ ಪತ್ರ ಬಂತು. ಪೂರ್ವನಿದರ್ಶನದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಅದಾಗಿ ಮೂರನೇ ದಿನ ಮಧ್ಯಾಹ್ನ ಮಲ್ಲೇಶನ ಫೋನು. ಅವನ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ, ರಕ್ತ, ರಕ್ತ ಅನ್ನುತ್ತಿದ್ದ. ಆಂಬುಲೆನ್ಸಿನವರಿಗೆ ನಾನೇ ಫೋನಿನಲ್ಲಿ ವಿಳಾಸ, ಆಸ್ಪತ್ರೆಯ ಹೆಸರು ಹೇಳಿದೆ. ಸಾಮಾನ್ಯವಾಗಿ ಆಂಬುಲೆನ್ಸ್ ಮನೆಯ ಮುಂದೆಯೇ ನಿಂತು, ಯಾವ ಆಸ್ಪತ್ರೆ ತೆಗೆದುಕೊಳ್ಳುತ್ತದೆ ಎಂದು ಒಂದೊಂದಕ್ಕೇ ಫೋನು ಮಾಡುತ್ತದೆ. ಅವತ್ತು ಆಸ್ಪತ್ರೆಯ ಬಳಿ ಸವಿತಾಳ ಪತ್ರವೂ ಕಡತವೂ ಇದ್ದವು. ಕರೆತನ್ನಿ ಎಂದರು. ಒಂದು ಗಂಟೆಯೊಳಗೆ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತು. ನಾನೂ ಆಸ್ಪತ್ರೆಗೆ ಓಡಿದ್ದೆ; ಇನ್ನೊಂದರ್ಧ ಗಂಟೆ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದು ಡಾಕ್ಟರ್ ಹೇಳಿದ್ದನ್ನು ಮಲ್ಲೇಶನಿಗೆ ಕನ್ನಡದಲ್ಲಿ ಹೇಳಿದೆ. ಕಚೇರಿಗೆ ಬಂದು ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. ನಗರದ ಮೇಲೆ, ಪಕ್ಕದ ಕುರ್ಚಿಯ ಮುದುಕರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಆಮೇಲೆ ನಾನು ಆ ಕೌಂಟರಿನಲ್ಲಿ ಇನ್ನೆರಡು ವರ್ಷ ಇದ್ದೆ. ಯಾರೇ ಬರಲಿ, ಕಥೆ ಕೇಳುವ ಮೊದಲು ಡ್ರಾಯರಿನಿಂದ ಫಾರಂ ತೆಗೆದು ಮುಂದಿಡುತ್ತಿದ್ದೆ. ಮೇಲಿನವರಿಗೆ ಅದು ಹಿಡಿಸಲಿಲ್ಲ. ಎರಡನೇ ವರ್ಷದ ಮಾರ್ಚಿನಲ್ಲಿ ನನ್ನ ಗುತ್ತಿಗೆ ನವೀಕರಣವಾಗಲಿಲ್ಲ. ನನಗೆ ಬೇಸರವೇನೂ ಆಗಲಿಲ್ಲ, ಕಾರಣವನ್ನು ಬರೆದುಕೊಡಿ ಎಂದು ಮಾತ್ರ ಕೇಳಿದೆ. ಬರೆದುಕೊಡಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಹಕ್ಕಿನಿಂದ ಸಿಗಬೇಕಾದ್ದನ್ನು ದಯೆಯಿಂದ ಕೇಳಿದರೆ, ಕೊಡದೇ ಇರುವುದಕ್ಕೆ ಒಳ್ಳೆಯವರಿಗೂ ದಾರಿ ಮಾಡಿಕೊಟ್ಟ ಹಾಗೆ.

ಅನುಮತಿಯನ್ನು ಮೂವತ್ತು ಮೂವತ್ತು ದಿನ ಮುಂದಕ್ಕೆ ಹಾಕಿಸಿಕೊಳ್ಳುತ್ತಾ ಇದ್ದು, ಮಗುವಿಗೆ ಮೂರು ತಿಂಗಳಾದಾಗ ಅವರು ಊರಿಗೆ ಹೋದರು. ಮರುವರ್ಷ ಒಂದು ದಿನ ಸವಿತಾ ಫೋನು ಮಾಡಿದಳು. ರೇಷನ್ ಕಾರ್ಡಿಗೆ ಮಗಳ ಹೆಸರು ಸೇರಿಸಲು ಕಚೇರಿಗೆ ಹೋಗಿದ್ದಳಂತೆ. ಜಪಾನಿನಲ್ಲಿ ಹುಟ್ಟಿದ ಕೂಸಿಗೆ ಇಲ್ಲಿ ಆಗುವುದಿಲ್ಲ, ಸಾಹೇಬರು ಬಂದ ಮೇಲೆ ನೋಡೋಣ, ಮುಂದಿನ ವಾರ ಬಾ ಅಂದರಂತೆ.

“ನೀನೇನಂದೆ?” ಕೇಳಿದೆ.

“ಅರ್ಜಿ ತಗೋರಿ, ಸೀಲ್ ಹಾಕಿ ಕೊಡ್ರಿ ಅಂದೆ. ಆಗೂದಿಲ್ಲಂದ್ರ, ಆಗೂದಿಲ್ಲ ಅಂತ ಬರದು ಸಹಿ ಮಾಡಿ ಕೊಡ್ರಿ ಅಂದೆ. ಅಲ್ಲೇ ನಿಂತ್ಕೊಂಡೆ ನೋಡ್ರಿ.”

“ಕೊಟ್ಟರಾ?”

“ಕೊಟ್ರು. ಸೀಲ್ ಸೈತ ಹಾಕಿ ಕೊಟ್ರು.”

ಸುಮ್ಮನಿರಲಾರದೆ ಕೇಳಿದೆ, “ಮಲ್ಲೇಶ ಪೇಡೆ ತಂದಿದ್ನೇನೇ?”

“ಅವ್ರು ಮಾಡಿದ್ರು ಅಕ್ಕಾರ,” ಅಂದಳು ಸವಿತಾ. “ಮನ್ಯಾಗ ಇಟ್ಟ ಹೋಗಿದ್ವಿ. ಬಂದು ನಾವ ತಿಂದ್ವಿ.”