ಎರಡೂ ಎಡದ ಕೊಂಬು

ನನ್ನ ಮೇಜಿನ ಮೇಲೆ ಈಗ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕುಳಿತಿದೆ. ಕ್ಯಾಮೆರಾದ ಲೆನ್ಸಿಗೆ ಧೂಳು ತಾಗದಂತೆ ಹಾಕುವ ಕ್ಯಾಪು. ಇವತ್ತು ಬೆಳಿಗ್ಗೆ ಠಾಣೆಯ ಯೇವೂರ್ ಗುಡ್ಡದಲ್ಲಿ, ಗೆಳತಿಯಿಂದ ಎರವಲು ತಂದ ಹಳೆಯ ಕ್ಯಾಮೆರಾ ಹಿಡಿದು ತೊರೆಯ ಪಕ್ಕ ಕುಳಿತಿದ್ದಾಗ, ಒಂದು ಗಂಡು ಕಡವೆ ಬಂದು ನನ್ನೆದುರು ನಿಂತಿತು. ಕ್ಯಾಮೆರಾವನ್ನು ಕಣ್ಣಿಗೇರಿಸಿದೆ. ಒಳಗೆಲ್ಲ ಕತ್ತಲೆ. ಮುಂಜಾನೆಯ ಬೆಳಕು ಸಾಲದೇನೋ ಅಂದುಕೊಂಡು, ಬಂದಷ್ಟು ಬರಲಿ ಎಂದು ಗುಂಡಿ ಒತ್ತಿದೆ. ಟಿಕ್ ಎಂದಿತು. ಕಡವೆ ತಲೆಯೆತ್ತಿ ನೋಡಿತು, ಮುಂಗಾಲನ್ನು ಒಮ್ಮೆ ನೆಲಕ್ಕೆ ಬಡಿಯಿತು, ಅವಸರವಿಲ್ಲದೆ ಪೊದೆಯೊಳಗೆ ಹೊರಟುಹೋಯಿತು. ಕ್ಯಾಪು ಲೆನ್ಸಿನ ಮೇಲೆ ಭದ್ರವಾಗಿಯೇ ಇತ್ತು. ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಲೆನ್ಸಿನ ಕ್ಯಾಪು ತೆಗೆಯುವ ವಿಷಯ ಮಾತ್ರ ನಮ್ಮ ಪಠ್ಯದಲ್ಲಿ ಇರಲಿಲ್ಲ.

ನೀವು ನಗಬಹುದು. ಗುಡ್ಡದ ಮೇಲೆ ಒಬ್ಬಳೇ ಕುಳಿತು ನಾನೂ ನಕ್ಕೆ. ಆದರೆ ನನ್ನ ನಗುವಿನ ಕಾರಣ ಬೇರೆ. ಅದನ್ನು ಹೇಳಬೇಕಾದರೆ ನಿಮ್ಮನ್ನು ಅಜ್ಜನ ಮನೆಯ ಗೋಡೆಯ ಮುಂದೆ ನಿಲ್ಲಿಸಬೇಕು.

ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ನಾನು ಬೆಳೆದದ್ದು ಡೊಂಬಿವಲಿಯಲ್ಲಿ, ಅವಳ ಅಪ್ಪನ ಮನೆಯಲ್ಲಿ. ಅಜ್ಜ ಕಾರ್ಕಳದ ಕಡೆ ಘಟ್ಟದ ಬುಡದ ಊರಿನವರು. ಹರೆಯದಲ್ಲಿ ಇಲ್ಲಿಗೆ ಬಂದು, ಅಂಬರನಾಥದ ಕಾರ್ಖಾನೆಗಳ ನಡುವೆ ಒಂದು ಕ್ಯಾಂಟೀನು ನಡೆಸಿ ಸಂಸಾರ ಸಾಕಿದವರು. ಮನೆಯ ಹಾಲಿನಲ್ಲಿ, ಟೀವಿಯ ಮೇಲ್ಗಡೆ, ತೇಗದ ಹಲಗೆಗೆ ಕೂಡಿಸಿದ ಕಡವೆಯ ಕೊಂಬುಗಳಿದ್ದವು. ಕಡವೆ ನಮ್ಮ ಕಾಡುಗಳ ಅತಿ ದೊಡ್ಡ ಜಿಂಕೆ. ಗಂಡಿಗೆ ಮಾತ್ರ ಕೊಂಬು, ಒಂದೊಂದಕ್ಕೂ ಮೂರು ಕವಲು. ನಮ್ಮ ಮನೆಯಲ್ಲಿ ಆ ಯಾವ ಕವಲೂ ಖಾಲಿ ಕೂತದ್ದಿಲ್ಲ. ಮಾವನ ರೈಲ್ವೆ ಪಾಸು, ಬೀಗದ ಕೈ, ಕೊಡೆ, ನನ್ನ ದುಪಟ್ಟಾ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಅಮಾವಾಸ್ಯೆ ಬಂತೆಂದರೆ ಅಜ್ಜ ಕೊಂಬುಗಳಿಗೆ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ನನ್ನ ಕಾಲೇಜು ದಿನಗಳ ದುಪಟ್ಟಾಗಳಲ್ಲಿ ಎಣ್ಣೆಯ ಕಲೆಯಿಲ್ಲದ್ದು ಒಂದೂ ಇಲ್ಲ.

ಇಲ್ಲಿ ಹುಟ್ಟಿದ ನಮ್ಮಂಥವರಿಗೆ ಕನ್ನಡ ಕಿವಿಯಲ್ಲಿರುತ್ತದೆ, ಕಣ್ಣಿನಲ್ಲಿರುವುದಿಲ್ಲ. ನನ್ನ ಕಣ್ಣಿಗೆ ಅದನ್ನು ತಂದವರು ಅಜ್ಜ. ಮಗನಿಗೆ, ಅಂದರೆ ನನ್ನ ಮಾವನಿಗೆ, ಅಕ್ಷರ ಕಲಿಸಲು ಕ್ಯಾಂಟೀನು ಬಿಡುವು ಕೊಟ್ಟಿರಲಿಲ್ಲ. ಆ ಸಾಲವನ್ನು ನನ್ನ ಮೇಲೆ ತೀರಿಸಿಕೊಂಡರು. ಕಕಾರಕ್ಕೆ ಕೊಂಬು ಕೊಟ್ಟರೆ ಕು ಎಂದು ಅವರು ಹೇಳಿದಾಗ ನಾನು ಗೋಡೆ ನೋಡಿ, ಅಲ್ಲಿದ್ದಂತೆಯೇ ಎಡಕ್ಕೆ ಒಂದು ಡೊಂಕು ಗೆರೆ ಎಳೆಯುತ್ತಿದ್ದೆ.

"ಕೊಂಬು ಬಲಕ್ಕೆ ಬರ್ತದೆ ಮಾರಾಯ್ತಿ. ಎಡಕ್ಕೆ ಅಲ್ಲ."

ಪಾಠ ಮುಗಿದ ಮೇಲೆ ಬೇಟೆಯ ಕತೆ. ಅದು ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ನೆಲ ಒರೆಸುವ ಮಾಪಿನ ಕೋಲು ಹಿಡಿದು ನಡೆಯುತ್ತಿತ್ತು. ಮಾಪು ಎಂದರೆ ಕೇಪಿನ ಕೋವಿ. ಮೊದಲು ನಳಿಗೆಗೆ ಮಸಿ, ಅಂದರೆ ಸಿಡಿಮದ್ದು, ಸುರಿಯಬೇಕು, ಅದರ ಮೇಲೆ ತೆಂಗಿನ ನಾರು, ಗಜದ ಸಲಾಕೆಯಿಂದ ಗುದ್ದು, ಆಮೇಲೆ ಸೀಸದ ಗುಂಡು, ಮತ್ತೆ ನಾರು. ಕೊನೆಗೆ ಹಿಂದುಗಡೆ, ಬೆರಳಿನಿಂದ ಎಳೆದರೆ ಕುದುರೆ ಎಂಬ ಕೀಲು ಬಂದು ಹೊಡೆಯುವ ಜಾಗದಲ್ಲಿ, ತೊಗರಿಬೇಳೆಯಷ್ಟು ದೊಡ್ಡ ತಾಮ್ರದ ಟೋಪಿ. ಅದೇ ಕೇಪು. ಕಿಡಿ ಹುಟ್ಟುವುದು ಅದರಿಂದ. ಗಾಳಿ ಯಾವ ಕಡೆಯಿಂದ ಎಂದು ತಿಳಿಯಲು ಅಜ್ಜ ಅಜ್ಜಿಯ ಪೌಡರ್ ಡಬ್ಬಿಯನ್ನು ಅಂಗೈಗೆ ಬಡಿದು ಊದುತ್ತಿದ್ದರು. ಪೌಡರು ಯಾವಾಗಲೂ ಕೆಳಗಿನ ಮನೆಯವರ ಒಣಗುವ ಬಟ್ಟೆಯ ಕಡೆಗೇ ಹಾರುತ್ತಿತ್ತು.

"ಗಂಡು ಮೊದಲು ಬರೂದಿಲ್ಲ, ತಿಳಿತಾ? ಹೆಣ್ಣುಗಳನ್ನು ಮುಂದೆ ಬಿಡ್ತದೆ. ಅವು ನೀರು ಕುಡಿದು, ಕಿವಿ ಇಳಿಸಿ, ಏನೂ ಅಪಾಯ ಇಲ್ಲ ಅಂತ ಆದ ಮೇಲೆ ಇವನ ಸವಾರಿ."

"ಗಂಡಸರೆಲ್ಲ ಹಾಗೇ," ಅಜ್ಜಿ ಅಡುಗೆಮನೆಯಿಂದ ಹೇಳುತ್ತಿದ್ದಳು. "ಸೊಸಾಯಿಟಿ ಮೀಟಿಂಗಿಗೆ ಯಾರನ್ನು ಮುಂದೆ ಕಳಿಸೂದು?"

ಅಜ್ಜ ಕೇಳಿಸದವರಂತೆ ಮುಂದುವರಿಯುತ್ತಿದ್ದರು. ಹೊಸ ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮವನ್ನು ಕಡವೆ ಮರಕ್ಕೆ ಉಜ್ಜಿ ಸುಲಿದುಹಾಕುವುದು. ಹೆಣ್ಣು ಹುಡುಕುವ ಕಾಲದಲ್ಲಿ ಕೆಸರಿನ ಹೊಂಡದಲ್ಲಿ ಹೊರಳಿ, ಕೊಂಬಿಗೆ ಹುಲ್ಲು ಸಿಕ್ಕಿಸಿಕೊಂಡು ಮದುಮಗನ ಹಾಗೆ ಏಳುವುದು. ಅನುಮಾನ ಬಂದರೆ ಓಡದೆ ನಿಂತು, ಮುಂಗಾಲು ಬಡಿದು ಎದುರಿಗಿರುವವನನ್ನು ಪರೀಕ್ಷಿಸುವುದು. ಡೊಂಬಿವಲಿ ಸ್ಟೇಷನ್ನಿನಲ್ಲೂ ಅಜ್ಜ ಹಾಗೆಯೇ ನಿಲ್ಲುತ್ತಿದ್ದರು. ಜನರೆಲ್ಲ ನುಗ್ಗಲಿ ಎಂದು ಬಿಟ್ಟು, ಕೊನೆಗೆ ನಿಧಾನವಾಗಿ ಹತ್ತಿ, ಅದು ಹೇಗೋ ಕಿಟಕಿಯ ಸೀಟಿನಲ್ಲೇ ಕುಳಿತಿರುತ್ತಿದ್ದರು.

ಮುಂದೆ ಠಾಣೆಯ ಕಾಲೇಜಿನಲ್ಲಿ ಪ್ರೊಫೆಸರರು ಇದೇ ಸಂಗತಿಗಳನ್ನು ಹೇಳಿದಾಗ ನಾನು ಪೆನ್ನು ಕೆಳಗಿಟ್ಟು ಕೈಕಟ್ಟಿ ಕುಳಿತಿದ್ದೆ. ಆಗ ನನಗೂ ಸ್ವಲ್ಪ ಕೊಂಬು ಬಂದಿತ್ತು. ಅಜ್ಜ ಹೇಳಿದ್ದರಲ್ಲಿ ಒಂದು ಮಾತೂ ಪುಸ್ತಕಕ್ಕೆ ತಪ್ಪುತ್ತಿರಲಿಲ್ಲ. ಆದರೆ ಪುಸ್ತಕ ಓದಲು ಕಲಿತ ಮೇಲೆ ಕತೆಯನ್ನೂ ಓದಲು ಬರುತ್ತದೆ. ಅಜ್ಜನ ಕತೆಗಳಲ್ಲಿ ಈಡಿನ ತನಕ ಎಲ್ಲವೂ ಇತ್ತು. ಈಡಿನ ಆಚೆಗೆ ಏನೂ ಇರಲಿಲ್ಲ. "ಕುದುರೆ ಎಳೆದೆ" ಎನ್ನುವವರೆಗೆ ಹೇಳಿ, ನೀರು ಕುಡಿಯಲು ಎದ್ದುಬಿಡುತ್ತಿದ್ದರು. ಅಷ್ಟು ಭಾರದ ಪ್ರಾಣಿಯನ್ನು ಯಾರು ಹೊತ್ತರು, ಮಾಂಸ ಯಾರ್ಯಾರ ಮನೆಗೆ ಹೋಯಿತು, ಒಂದೂ ಗೊತ್ತಿಲ್ಲ. ಕಡವೆ ಸತ್ತದ್ದನ್ನು ನಾನು ಅವರ ಬಾಯಿಂದ ಯಾವತ್ತೂ ಕೇಳಿರಲಿಲ್ಲ.

ಎಂ.ಎಸ್ಸಿ. ಎರಡನೇ ವರ್ಷ, ಗಣಪತಿ ಹಬ್ಬಕ್ಕೆ ಮುಂಚೆ ಗೋಡೆಗೆ ಬಣ್ಣ ಬಳಿಯಲೆಂದು ಹಲಗೆಯನ್ನು ಇಳಿಸಿದೆವು. ಮೊಳೆ ಸಡಿಲಾಗಿ ಒಂದು ಕೊಂಬು ನನ್ನ ಕೈಗೇ ಬಂತು. ಕನ್ನಡದಲ್ಲಿ ದನದ್ದೂ ಕೊಂಬೇ, ಜಿಂಕೆಯದ್ದೂ ಕೊಂಬೇ. ಆದರೆ ದನಕ್ಕೆ ಅದು ಜೀವಮಾನದ ಆಸ್ತಿ. ಜಿಂಕೆಯದ್ದು ಕಾಲ ಬಂದಾಗ ತಾನಾಗಿ ಉದುರುತ್ತದೆ, ಮತ್ತೆ ಹೊಸದು ಹುಟ್ಟುತ್ತದೆ. ಗುಂಡಿಟ್ಟು ಕೊಂದ ಪ್ರಾಣಿಯ ಕೊಂಬಾದರೆ ಬುಡದಲ್ಲಿ ತಲೆಬುರುಡೆಯ ಚೂರು ಅಂಟಿರಬೇಕು. ನನ್ನ ಕೈಯಲ್ಲಿದ್ದ ಕೊಂಬಿನ ಬುಡ, ಬಿದ್ದ ಹಾಲುಹಲ್ಲಿನ ಹಾಗೆ, ತನ್ನಷ್ಟಕ್ಕೆ ಕಳಚಿಕೊಂಡದ್ದು. ಇನ್ನೊಂದನ್ನೂ ತಿರುಗಿಸಿ ನೋಡಿದೆ. ಅದೂ ಹಾಗೆಯೇ. ಸಾಲದ್ದಕ್ಕೆ ಎರಡೂ ಎಡಗಡೆಯ ಕೊಂಬು. ಬಡಗಿ ಒಂದನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿ ಮಾಡಿದ್ದ. ಅದಕ್ಕೇ ಅದರ ಮುಂಗವಲು ಗೋಡೆಯ ಕಡೆ ಮುಖ ಮಾಡಿತ್ತು. ಇನ್ನೊಂದು ಗಂಡಿನ ಜೊತೆ ಕಾದಾಡಿ ತಿರುಚಿಕೊಂಡದ್ದು ಎಂದು ಅಜ್ಜ ಹೇಳುತ್ತಿದ್ದರು.

ನಾನು ಮೊಳೆ ಬಿಗಿ ಮಾಡಿ ಕೊಂಬನ್ನು ಇದ್ದಂತೆಯೇ ಕೂಡಿಸಿದೆ. ವಸ್ತುಗಳನ್ನು ಅವುಗಳ ಜಾಗದಲ್ಲಿಡುವುದು ನನ್ನ ಸ್ವಭಾವ.

ಮರುವರ್ಷ ಕಟ್ಟಡ ರಿಡೆವಲಪ್‌ಮೆಂಟಿಗೆ ಹೋಯಿತು. ಎಲ್ಲರೂ ಮನೆ ಖಾಲಿ ಮಾಡಿ ಬಾಡಿಗೆಗೆ ಹೋಗಬೇಕು. ಸಾಮಾನು ಕಟ್ಟುವುದನ್ನು ನೋಡಲು ಬಂದ ಸೊಸಾಯಿಟಿ ಸೆಕ್ರೆಟರಿ ಗೋಡೆಯ ಮುಂದೆ ನಿಂತರು. "ಅಂಕಲ್, ಯೇ ಘರ್ ಮೇ ರಖ್ನಾ ಗುನ್ಹಾ ಹೈ. ಪರ್ಮಿಷನ್ ಹೈ ಕ್ಯಾ?" ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಪರವಾನಗಿ ಬೇಕಂತೆ. ಅದು ಎಲ್ಲಿಂದ ಬರಬೇಕು? ಮಾವ ಭಿವಂಡಿಯ ಗೋದಾಮಿನಲ್ಲಿ ಲೆಕ್ಕ ನೋಡುವ ಮನುಷ್ಯ. ಗುನ್ಹಾ ಎಂಬ ಮಾತು ಕೇಳಿದರೇ ಬೆವರುತ್ತಾನೆ. ವಿಚಾರಿಸಿಕೊಂಡು ಬಂದು, ಠಾಣೆಯ ಅರಣ್ಯ ಕಚೇರಿಗೆ ನಾವಾಗಿಯೇ ಒಪ್ಪಿಸಿಬಿಡುವುದೆಂದು ತೀರ್ಮಾನಿಸಿದ.

"ಅಪ್ಪ, ಸೀದಾ ಹೇಳಿಬಿಡಿ. ಕಾಡಲ್ಲಿ ಬಿದ್ದಿತ್ತು, ಎತ್ಕೊಂಡೆ ಅಂತ. ಶೂಟ್ ಮಾಡಿದ್ದು ಅಂದ್ರೆ ಲಫಡಾ ಆಗ್ತದೆ."

"ಹೆಕ್ಕಿದ್ದು ಅಂತ ಹೇಳ್ಬೇಕಾ? ನಾನೇನು ಗೇರುಬೀಜ ಹೆಕ್ಕುವವನಾ?"

"ಒಂದು ಸುಳ್ಳು ಅಪ್ಪ. ಒಂದೇ ಒಂದು."

"ಈ ವಯಸ್ಸಲ್ಲಿ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ತೀಯಾ?"

ಅಜ್ಜ ಎರಡು ದಿನ ಮಗನ ಜೊತೆ ಮಾತು ಬಿಟ್ಟರು. ಮಾವನಿಗೆ ಪೊಲೀಸರ ಭಯ. ನನ್ನ ಭಯ ಬೇರೆ. ಕಾಡಿನ ಕಚೇರಿಯಲ್ಲಿ ಕೂತವರಿಗೆ ಕೊಂಬಿನ ಬುಡ ನೋಡಲು ಬರುತ್ತದೆ. ಅವರು ಒಂದು ಮಾತು ಆಡಿದರೆ, ಮಗನ ಎದುರಿಗೇ, ಅಜ್ಜನ ಇಡೀ ಬೇಟೆ ಆ ಮೇಜಿನ ಮೇಲೆ ಮುಗಿದುಹೋಗುತ್ತದೆ. ಅರ್ಜಿ ಬರೆಯಲು ಒಬ್ಬರು ಬೇಕು ಎಂಬ ನೆಪದಲ್ಲಿ ನಾನೂ ಹೊರಟೆ.

ಅಧಿಕಾರಿ ಕನ್ನಡಕ ಏರಿಸಿ, ಬೆಡ್‌ಶೀಟಿನಲ್ಲಿ ಸುತ್ತಿ ತಂದ ಹಲಗೆ ಬಿಚ್ಚಿಸಿದರು. "ಕಹಾಂ ಸೇ ಲಾಯೇ, ಬಾಬಾ?" ಎಲ್ಲಿಂದ ತಂದದ್ದು ಎಂದು ಕೇಳಿದರು.

ಅಜ್ಜ ಅಂಗಿಯ ಕಾಲರು ಸರಿಮಾಡಿಕೊಂಡರು. ಮಾವನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಜಂಗಲ್ ಮೇ ಗಿರಾ ಥಾ ಸಾಬ್. ಹಮ್ ಉಠಾಯಾ." ಕಾಡಲ್ಲಿ ಬಿದ್ದಿತ್ತು, ಎತ್ತಿಕೊಂಡೆ: ಮಾವ ಹೇಳಿಕೊಟ್ಟ ಮಾತೇ.

ಮಾವ ಹಿಡಿದಿದ್ದ ಉಸಿರು ಬಿಟ್ಟ. ಅಧಿಕಾರಿ ಕೊಂಬನ್ನು ಅಲ್ಲಾಡಿಸಿ ಕಿತ್ತು, ಬುಡದ ಮೇಲೆ ಹೆಬ್ಬೆರಳು ಸವರಿದರು. ಇನ್ನೊಂದನ್ನೂ ಕಿತ್ತು ಪಕ್ಕದಲ್ಲಿಟ್ಟರು. ಅವರ ಹುಬ್ಬು ಮೇಲಕ್ಕೆ ಹೋಯಿತು. "ಹೀ ದೋನ್ಹೀ ಡಾ..." ಎಂದು ಶುರುಮಾಡಿದರು. ದೋನ್ಹೀ ಡಾವೀ, ಎಂದರೆ ಎರಡೂ ಎಡದ್ದು. ಇಲ್ಲೇ ಹುಟ್ಟಿ ಬೆಳೆದ ಮಾವನಿಗೆ ಮರಾಠಿ ಚೆನ್ನಾಗಿ ಬರುತ್ತದೆ.

ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವವಳಲ್ಲ ನಾನು. ಅವತ್ತು ಹಾಕಿದೆ. "ಸರ್, ಸಹೀ ಕುಠೇ ಕರಾಯಚೀ?" ಸಹಿ ಎಲ್ಲಿ ಮಾಡಬೇಕು ಎಂದು ಕೇಳಿದೆ, ಅವರ ಕಣ್ಣಿನಿಂದ ಕಣ್ಣು ತೆಗೆಯದೆ.

ಅವರು ನನ್ನನ್ನು ನೋಡಿದರು. ಆಮೇಲೆ ಅಜ್ಜನನ್ನು ನೋಡಿದರು. ಕೊಂಬುಗಳನ್ನು ಮೆಲ್ಲನೆ ಬೆಡ್‌ಶೀಟಿನ ಮೇಲೆ ಮಲಗಿಸಿ, ಕಾಗದವನ್ನು ನನ್ನತ್ತ ಸರಿಸಿದರು. "ಇಥೇ."

ಹೊರಗೆ ಬಂದ ಮೇಲೆ ಮಾವ ಅಪ್ಪನ ಬೆನ್ನು ತಟ್ಟಿದ. "ಮಾನ್ ಗಯೇ ಅಪ್ಪ. ಕಣ್ಣು ರೆಪ್ಪೆ ಸಹ ಹೊಡೀಲಿಲ್ಲ ನೀವು. ಏನು ಸುಳ್ಳು, ಏನು ಸುಳ್ಳು." ಅಲ್ಲಿಂದಲೇ ಅವನು ಭಿವಂಡಿಯ ಬಸ್ಸು ಹಿಡಿದ.

ಅಜ್ಜನೂ ನಾನೂ ಮಧ್ಯಾಹ್ನದ ಸ್ಲೋ ಲೋಕಲ್ಲಿನಲ್ಲಿ ಡೊಂಬಿವಲಿಗೆ ಹೊರಟೆವು. ಕಿಟಕಿಯಾಚೆ ಮುಂಬ್ರಾದ ಗುಡ್ಡ ಬಂದಾಗ ಅಜ್ಜ ನನ್ನ ಕಡೆ ತಿರುಗಿದರು.

"ನಿನಗೆ ಯಾವಾಗ ಗೊತ್ತಾದ್ದು?"

"ಬಣ್ಣ ಬಳಿಸಿದ ವರ್ಷ."

"ಹೇಳ್ಲಿಲ್ಲ ನೀನು."

"ನೀವು ಕೇಳ್ಲಿಲ್ಲ."

ಅಜ್ಜ ಮತ್ತೆ ಗುಡ್ಡದ ಕಡೆ ತಿರುಗಿದರು. "ನಾನು ಸೋವಿನವ. ಡಬ್ಬ ಬಡಿದು, ಬೊಬ್ಬೆ ಹಾಕಿ, ಪ್ರಾಣಿಯನ್ನು ಕೋವಿ ಇದ್ದಲ್ಲಿಗೆ ಅಟ್ಟುವವ. ಒಂದು ಸಲ ಕೋವಿ ಹಿಡಿಯುವ ನಮ್ಮೂರ ಪಟೇಲರಿಗೆ ಜ್ವರ ಬಂತು, ಕೋವಿ ನನ್ನ ಕೈಗೆ ಬಂತು. ಕೆಸರಿನ ಹೊಂಡದ ಹತ್ತಿರ ಕೂತೆ. ಹೆಣ್ಣುಗಳು ಬಂದು ಹೋದವು. ಆಮೇಲೆ ಅವ ಬಂದ. ಗಾಳಿ ಸರಿ ಇತ್ತು, ಗುರಿ ಸರಿ ಇತ್ತು. ಕುದುರೆ ಎಳೆದೆ. ಟಿಕ್ ಅಂತು."

"ಕೇಪು?"

"ಕಿಸೆಯಲ್ಲಿ ಇತ್ತು."

ನಾನು ನಗಲಿಲ್ಲ. ನಗಬಾರದೆಂದು ಕಿಟಕಿಯ ಕಂಬಿ ಹಿಡಿದುಕೊಂಡೆ.

"ನಗು, ನಗು. ಇಡೀ ಊರೇ ನಕ್ಕಿದೆ. ಆಮೇಲೆ ನನಗೆ ಬೇರೆ ಹೆಸರೇ ಇರ್ಲಿಲ್ಲ. ಟಿಕ್ಕಣ್ಣ. ಅಂಗಡಿಗೆ ಹೋದ್ರೆ ಟಿಕ್ಕಣ್ಣ, ಮದುವೆಮನೆಗೆ ಹೋದ್ರೆ ಟಿಕ್ಕಣ್ಣನಿಗೆ ಒಂದು ಎಲೆ ಹಾಕಿ. ಎರಡು ವರ್ಷ ತಡಕೊಂಡೆ, ಮತ್ತೆ ಬೊಂಬಾಯಿ ಬಸ್ಸು ಹತ್ತಿದೆ. ಇಲ್ಲಿ ಯಾರಿಗೆ ಗೊತ್ತುಂಟು?"

"ಕೊಂಬು?"

"ಅದೇ ಹೊಂಡದ ಹತ್ತಿರ. ಮುಂದಿನ ವರ್ಷ ಒಂದು ಸಿಕ್ಕಿತು, ಅದರ ಮುಂದಿನ ವರ್ಷ ಇನ್ನೊಂದು. ಅವನದ್ದೇ. ಬಲದ್ದು ಎಲ್ಲಿ ಬೀಳಿಸ್ತಿದ್ದನೋ ಆಸಾಮಿ, ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಎರಡನೇದ್ದು ದೊಡ್ಡದು, ನೋಡಿದ್ದೀಯಲ್ಲ?"

"ನೋಡಿದ್ದೇನೆ."

"ಅಂದ್ರೆ ಚೆನ್ನಾಗಿದ್ದ." ದೂರದ ಊರಿನ ತಮ್ಮನ ಆರೋಗ್ಯದ ವಿಷಯ ಹೇಳಿದಂತಿತ್ತು ಅವರ ದನಿ. ದಿವಾ ದಾಟಿತು. "ಅಲ್ಲ ಮಾರಾಯ್ತಿ, ಇಷ್ಟು ವರ್ಷದಲ್ಲಿ ಇವತ್ತೊಂದು ದಿನ ನಿಜ ಹೇಳಿದೆ. ಎಂಥಾ ಸುಳ್ಳು ಅಂತ ಬೆನ್ನು ತಟ್ಟಿದ ನಿನ್ನ ಮಾವ. ಅವನಿಗೆ ಹೇಳ್ಬೇಡ."

"ಇಲ್ಲ ಅಜ್ಜ."

ಹೊಸ ಕಟ್ಟಡ ಏಳುವ ಮೊದಲೇ ಅಜ್ಜ ಹೋದರು. ಈಗ ಅದೇ ಜಾಗದಲ್ಲಿ ನಮ್ಮ ಹೊಸ ಮನೆಯಿದೆ. ನವಿ ಮುಂಬಯಿಯ ಆಫೀಸಿನಿಂದ ಬಂದಾಗ ದುಪಟ್ಟಾ ಹಿಡಿದ ಕೈ ಇವತ್ತಿಗೂ ಗೋಡೆಯ ಮೇಲಕ್ಕೆ ಹೋಗುತ್ತದೆ. ಅಲ್ಲಿ ಸ್ಟೀಲಿನ ಕೊಕ್ಕೆಗಳಿವೆ, ದುಪಟ್ಟಾಗಳಲ್ಲಿ ಕಲೆಯಿಲ್ಲ. ಮಾವ ಮಾತ್ರ, ಮನೆಗೆ ಬಂದ ಪ್ರತಿಯೊಬ್ಬರಿಗೂ ಕತೆ ಹೇಳುತ್ತಾನೆ: ಒಂದೇ ಈಡಿಗೆ ಕಡವೆ ಕೆಡವಿದ ಅಪ್ಪ, ಮುಂದೆ ಅರಣ್ಯ ಸಾಹೇಬರನ್ನೇ ಯಾಮಾರಿಸಿದ ಅಪ್ಪ. ತಪ್ಪು ಕಂಡರೆ ತಿದ್ದದೆ ಬಿಡುವವಳಲ್ಲ ನಾನು, ಹೋಟೆಲಿನ ಮೆನುವಿನ ಕಾಗುಣಿತವನ್ನೂ ಬಿಟ್ಟವಳಲ್ಲ. ಈ ಕತೆಗೆ ಮಾತ್ರ ಟೀ ಬಗ್ಗಿಸಿಕೊಡುತ್ತೇನೆ. ಅಜ್ಜನಿಗೆ ಕೊಟ್ಟ ಮಾತು ಈಗಲೂ ಮುರಿದಿಲ್ಲ, ನೋಡಿ. ಮಾವ ಕನ್ನಡ ಓದುವುದಿಲ್ಲ.

ಇವತ್ತು ಗುಡ್ಡದಿಂದ ಬಂದಾಗ ಅವನು ಸೋಫಾದಲ್ಲಿ ಕಾಲು ಮಡಚಿ ಕುಳಿತಿದ್ದ. "ಏನೇ, ಸಿಕ್ಕಿತಾ ನಿನ್ನ ಕಡವೆ?"

ಕ್ಯಾಪನ್ನು ಮೇಜಿನ ಮೇಲಿಟ್ಟು ಅವನೆದುರು ಕುಳಿತೆ. ಗಾಳಿ ತೊರೆಯ ಕಡೆಯಿಂದ ನನ್ನ ಮುಖಕ್ಕೆ ಬೀಸುತ್ತಿದ್ದುದನ್ನು ಹೇಳಿದೆ. ಮೊದಲು ಹೆಣ್ಣುಗಳು ಬಂದು ನೀರು ಕುಡಿದು ಕಿವಿ ಇಳಿಸಿದ್ದನ್ನು ಹೇಳಿದೆ. ಆಮೇಲೆ ಅವನು ಬಂದದ್ದು, ಮೈತುಂಬ ಕೆಸರು, ಬಲಗೊಂಬಿಗೆ ಸಿಕ್ಕಿಕೊಂಡ ಹಸಿ ಹುಲ್ಲಿನ ಎಸಳು. ಮಾವ ಮಡಚಿದ ಕಾಲು ಕೆಳಗಿಳಿಸಿ ಮುಂದಕ್ಕೆ ಬಾಗಿದ್ದ. ಒಂದಕ್ಷರವೂ ಸುಳ್ಳಿರಲಿಲ್ಲ.

"ಆಮೇಲೆ?"

"ಆಮೇಲೆ ಟಿಕ್," ಎಂದು ಹೇಳಿ, ನೀರು ಕುಡಿಯಲು ಎದ್ದೆ.